ಒಂದೇ ಬುಡ, ಹಲವು ಹುಳಿ

ನವರಾತ್ರಿ ಕಳೆಯುವ ಹೊತ್ತಿಗೆ ಉಡುಪಿ ಸೀಮೆಯ ಹಿತ್ತಿಲುಗಳಿಗೆ ಉಸಿರು ಬರುತ್ತದೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಊರಿದು. ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿದುಹೋಗುತ್ತದೆ. ಅಂಗಳದ ಪಾಚಿ ಒಣಗಿ ಹಕ್ಕಳೆಯೇಳುತ್ತದೆ. ಪಾಗಾರದ ಮುರಕಲ್ಲು ಕಪ್ಪು ಬಿಟ್ಟು ಮತ್ತೆ ಕೆಂಪಾಗುತ್ತದೆ. ಲಿಂಬೆ ಗಿಡ ಹೊಸ ಚಿಗುರು ಬಿಡುತ್ತದೆ. ತೊಗಟೆಯಡಿ ರಸ ಓಡತೊಡಗಿ, ಉಗುರಿನಿಂದ ಎಬ್ಬಿಸಿದರೂ ಸಿಪ್ಪೆ ಸಲೀಸಾಗಿ ಕಳಚುತ್ತದೆ. ಕಸಿ ಕಟ್ಟುವವರು ಕಾಯುವುದು ಇದಕ್ಕೇ. ಆಟಿಯ ಮಳೆಯಲ್ಲಿ ಕಟ್ಟಿದರೆ ಗಾಯಕ್ಕೆ ನೀರಿಳಿದು ಕೊಳೆಯುತ್ತದೆ. ಬೇಸಗೆ ಏರಿದ ಮೇಲೆ ಕಟ್ಟಿದರೆ ಕಣ್ಣು ಬಾಡಿಹೋಗುತ್ತದೆ.

ಕಾರ್ಕಳದಲ್ಲಿ, ಬಾಹುಬಲಿ ಬೆಟ್ಟದಿಂದ ತುಸು ದೂರದ ಒಂದು ಹಳೆಯ ಮನೆಯ ಹಿಂದೆ ಬಾವಿಕಟ್ಟೆಗೆ ತಾಗಿಕೊಂಡು ಒಂದು ಚಕ್ಕೋತದ ಮರವಿದೆ. ಚಕ್ಕೋತ ಎನ್ನುವುದು ಬುಡಕ್ಕೆ ಮಾತ್ರ ಸರಿ. ಪಡುವಣದ ಕೊಂಬೆಯಲ್ಲಿ ಸಣ್ಣ ಸಣ್ಣ ಲಿಂಬೆಹಣ್ಣು. ಅದರ ಕೆಳಗೆ ಮೈಯೆಲ್ಲ ಗಂಟುಗಂಟಾದ ಕಂಚಿಕಾಯಿ, ಭಾರಕ್ಕೆ ನೆಲದತ್ತ ಬಾಗಿದ್ದು. ಬಾವಿಯ ಕಡೆಗೆ ಚಾಚಿದ ಕೊಂಬೆಯಲ್ಲಿ ಉದ್ದನೆಯ ಗಜಲಿಂಬೆ. ಇನ್ನೊಂದರಲ್ಲಿ ಹಸಿರು ಬಿಡದ ಮೂಸಂಬಿ. ನಡುನೆತ್ತಿಯಲ್ಲಿ ಕೈಗೆಟುಕದ ಎತ್ತರಕ್ಕೆ ಎರಡು ದಪ್ಪ ಚಕ್ಕೋತ. ಎಲೆ ನೋಡಿದರೂ ವ್ಯತ್ಯಾಸ ತಿಳಿಯುತ್ತದೆ: ಚಕ್ಕೋತದ ಎಲೆಯ ತೊಟ್ಟಿಗೆ ಅಗಲವಾದ ರೆಕ್ಕೆಯಿದೆ, ಲಿಂಬೆಯ ತೊಟ್ಟಿಗೆ ಹೆಸರಿಗಷ್ಟೇ ಅಂಚು. ಒಂದೊಂದು ಎಲೆ ಹರಿದು ಮೂಸಿದರೆ ಒಂದೊಂದು ಪರಿಮಳ.

ಈ ಬುಡದ ಕಥೆ ಕರಾವಳಿಯ ಎಷ್ಟೋ ಹಿತ್ತಿಲುಗಳ ಕಥೆ. ಮನೆಯ ಅಮ್ಮನಿಗೆ ತವರಿನ ಕೆಂಪು ತಿರುಳಿನ ಚಕ್ಕೋತವೆಂದರೆ ಪ್ರಾಣ. ಒಮ್ಮೆ ತಂದ ಹಣ್ಣಿನ ಬೀಜ ಬಿತ್ತಿದರು. ಗಿಡ ಎದ್ದಿತು, ವರ್ಷಗಟ್ಟಲೆ ಕಾಯಿಸಿತು, ಕೊನೆಗೆ ಬಿಟ್ಟದ್ದು ಬಿಳಿ ತಿರುಳಿನ ಬರೀ ಹುಳಿ ಹಣ್ಣು. ಅದರಲ್ಲಿ ಅವರ ತಪ್ಪೇನಿಲ್ಲ. ಲಿಂಬೆಯ ಬೀಜದಿಂದ ಬಹುಪಾಲು ತಾಯಿಯಂಥದೇ ಗಿಡ ಹುಟ್ಟುತ್ತದೆ, ಏಕೆಂದರೆ ಒಂದೇ ಬೀಜದೊಳಗೆ ಪರಾಗದ ಹಂಗಿಲ್ಲದೆ ತಾಯಿಯ ಅಂಗಾಂಶದಿಂದಲೇ ಮೂಡಿದ ಮೊಳಕೆಗಳೂ ಇರುತ್ತವೆ. ಚಕ್ಕೋತಕ್ಕೆ, ಮಾದಲಕ್ಕೆ ಆ ಗುಣವಿಲ್ಲ. ಅಲ್ಲಿ ಬೀಜಕ್ಕೊಂದೇ ಮೊಳಕೆ, ಅದೂ ಮಿಶ್ರಣದ ಕೂಸು. ಒಳ್ಳೆಯ ಚಕ್ಕೋತವನ್ನು ಹಾಗೇ ಉಳಿಸಿಕೊಳ್ಳಲು ಅದರ ಕೊಂಬೆಯೇ ಬೇಕು.

ಹೆದ್ದಾರಿ ಅಗಲವಾದಾಗ ತವರುಮನೆಯ ಅಂಗಳ ಹೋಯಿತು, ಮರವೂ ಹೋಯಿತು. ಅದಕ್ಕೆ ಮುಂಚೆ ನಾಲ್ಕು ಕಡ್ಡಿ ಕತ್ತರಿಸಿ ತಂದಿದ್ದರು. ನೆತ್ತಿಯಲ್ಲಿ ತೂಗುವ ಆ ಎರಡು ಹಣ್ಣು ಈಗ ಜಗತ್ತಿನಲ್ಲಿ ಇಲ್ಲದ ಒಂದು ಮರದವು.

ಕಸಿ ಕಟ್ಟುವ ಅಣ್ಣ ಬೆಳಿಗ್ಗೆ ಬೇಗ ಬಂದಿದ್ದರು. ಚೀಲದಲ್ಲಿ ಸಣ್ಣ ಚೂರಿ, ಸ್ಪಿರಿಟ್ ಬಾಟಲಿ, ಹತ್ತಿ, ಉದ್ದಕ್ಕೆ ಸೀಳಿದ ಪ್ಲಾಸ್ಟಿಕ್ ಪಟ್ಟಿ, ಒದ್ದೆ ಬಟ್ಟೆಯಲ್ಲಿ ಸುತ್ತಿದ ಕಡ್ಡಿಗಳು. ಎಲ್ಲ ಪೆನ್ಸಿಲ್ ದಪ್ಪ. ಎಲೆ ಕತ್ತರಿಸಿ ತೊಟ್ಟನ್ನಷ್ಟೇ ಉಳಿಸಿದ್ದಾರೆ. ತೀರ ಎಳೆಯ ಚಿಗುರಿಗೆ ಮೂಲೆಗಳಿರುತ್ತವೆ, ಅದು ಬೇಡ; ಬಲಿತು ಉರುಟಾದ, ಆದರೂ ಹಸಿರು ಮಾಸದ ಕಡ್ಡಿ ಆಗಬೇಕು.

ಚೂರಿ ಒರೆಸಿ, ಕೊಂಬೆಯ ನಯವಾದ ಜಾಗ ನೋಡಿ ಮೊದಲು ಅಡ್ಡಗೀರು ಎಳೆದರು. ಅದರ ನಡುವಿನಿಂದ ಕೆಳಕ್ಕೆ ಒಂದಿಂಚಿನ ಉದ್ದಗೀರು. ಚೂರಿಯ ಹಿಂತುದಿಯಿಂದ ಮೀಟಿದಾಗ ತೊಗಟೆ ಎರಡೂ ಬದಿಗೆ ಬಾಗಿಲಂತೆ ತೆರೆಯಿತು. ಒಳಗೆ ಪಸೆಯಾಡುವ ಬೆಳ್ಳಗಿನ ಮರ. ಆಮೇಲೆ ಕಡ್ಡಿಯಿಂದ ಒಂದು ಕಣ್ಣನ್ನು ತೆಳ್ಳಗೆ ಸೀಳಿ ತೆಗೆದರು, ಹಿಂದೆ ಮರದ ಒಂದು ಎಳೆ ಮಾತ್ರ. ಉಳಿಸಿದ ತೊಟ್ಟು ಹಿಡಿಕೆಗೆ ಬಂತು. ಸೀಳಿದ ಮೈಗೆ ಬೆರಳು ತಾಗಿಸದೆ, ತೊಟ್ಟನ್ನೇ ಹಿಡಿದು ಕಣ್ಣನ್ನು ಆ ತೆರೆದ ತೊಗಟೆಯೊಳಕ್ಕೆ ಜಾರಿಸಿ, ಕೆಳಗಿನಿಂದ ಮೇಲಕ್ಕೆ ಪಟ್ಟಿ ಸುತ್ತಿದರು. ಸುತ್ತಿನ ಮೇಲೆ ಸುತ್ತು ಕೂತರೆ ಅಕಾಲದ ಮಳೆ ಬಂದರೂ ನೀರು ಹೊರಗೇ ಜಾರುತ್ತದೆ. ಇಡೀ ಕೆಲಸಕ್ಕೆ ಎಲೆಯಡಿಕೆ ಮೆಲ್ಲುವಷ್ಟು ಹೊತ್ತೂ ಹಿಡಿಯಲಿಲ್ಲ.

"ಹಿಡೀತದಾ ಹೇಳಿ ಗೊತ್ತಾಗುವುದು ಹೇಗೆ?" ಅಮ್ಮನ ಪ್ರಶ್ನೆ.

"ಮೂರು ವಾರ ಬಿಟ್ಟು ಆ ತೊಟ್ಟು ಮುಟ್ಟಿ ನೋಡಿ ಅಮ್ಮ. ಮುಟ್ಟಿದ ಕೂಡ್ಲೇ ಉದುರಿದರೆ ಕಣ್ಣಿಗೆ ಜೀವ ಉಂಟು ಅಂತ ಲೆಕ್ಕ. ಒಣಗಿ ಅಲ್ಲೇ ಅಂಟಿಕೊಂಡರೆ ಹೋಯ್ತು."

ಜೀವಂತ ಕಣ್ಣು ತನಗೆ ಬೇಡವಾದ ತೊಟ್ಟನ್ನು ತಾನೇ ಕಳಚಿಹಾಕುತ್ತದೆ. ಸತ್ತದ್ದಕ್ಕೆ ಆ ಶಕ್ತಿಯಿಲ್ಲ. ಇದನ್ನು ಕೇಳಿದ ಮೇಲೆ ನಾನು ಯಾವ ಕಸಿಗಿಡ ಕಂಡರೂ ಮೊದಲು ಆ ತೊಟ್ಟಿನ ಜಾಗ ನೋಡುತ್ತೇನೆ.

ಒಂದರ ಮೇಲೊಂದು ಹೀಗೆ ಒಗ್ಗುವುದಕ್ಕೆ ಕಾರಣ ಇವೆಲ್ಲ ಹತ್ತಿರದ ನೆಂಟರಾಗಿರುವುದು. 2018ರಲ್ಲಿ ಪ್ರಕಟವಾದ ಒಂದು ದೊಡ್ಡ ವಂಶವಾಹಿ ಅಧ್ಯಯನ ಈ ಕುಲದ ತವರನ್ನು ಹಿಮಾಲಯದ ಆಗ್ನೇಯ ತಪ್ಪಲು, ಅಂದರೆ ಅಸ್ಸಾಂ, ಉತ್ತರ ಮ್ಯಾನ್ಮಾರ್, ಯುನ್ನಾನ್‌ನ ಪಶ್ಚಿಮ ಭಾಗ ಎಂದು ಗುರುತಿಸಿತು. ಮಾದಲ, ಚಕ್ಕೋತ, ಮ್ಯಾಂಡರಿನ್ ಕಿತ್ತಳೆ ಮೂಲದವರು. ಉಳಿದ ಹೆಚ್ಚಿನವು ಇವುಗಳ ಮತ್ತು ಒಂದೆರಡು ಕಾಡು ಜಾತಿಗಳ ಸಂಕರ. ಮೂಸಂಬಿಯಲ್ಲಿ ಚಕ್ಕೋತದ ಅಂಶವೂ ಮ್ಯಾಂಡರಿನ್ ಅಂಶವೂ ಇದೆ. ನಮ್ಮ ಲಿಂಬೆಯ ಒಂದು ಕಡೆಯ ಹಿರಿಯ ಮಾದಲವೇ. ತೊಗಟೆಗೂ ಮರಕ್ಕೂ ನಡುವೆ ಕ್ಯಾಂಬಿಯಂ ಎಂಬ ತೆಳುಪದರವಿದೆ. ಎರಡು ಗಿಡಗಳ ಆ ಪದರ ಒಂದಕ್ಕೊಂದು ತಾಗಿ ಕೂಡಿಕೊಂಡರೆ ನೀರು, ಆಹಾರ ಹಂಚಿಕೆಯಾಗುತ್ತದೆ. ಹುಳಿ ಸಿಹಿ ಮಾತ್ರ ಕೊಂಬೆಯದೇ. ಕಂಚಿಗೆ ಮೂಸಂಬಿಯ ರುಚಿ ಬರುವುದಿಲ್ಲ. ಫ್ಲಾರೆನ್ಸ್ ನಗರದಲ್ಲಿ 1644ರಲ್ಲಿ ಒಮ್ಮೆ ಕಸಿಯ ಬೆಸುಗೆಯಿಂದಲೇ ಚಿಗುರೊಡೆದು, ಅರ್ಧ ಮಾದಲ ಅರ್ಧ ಹುಳಿಕಿತ್ತಳೆಯಾದ ಪಟ್ಟೆಪಟ್ಟೆ ಹಣ್ಣು ಹುಟ್ಟಿತ್ತು. ಅಂಥದು ಅಪರೂಪದಲ್ಲಿ ಅಪರೂಪ.

ವಿದ್ಯೆ ಹೊರಗಿನಿಂದ ಬಂದದ್ದೆಂದು ತಿಳಿಯಬೇಕಾಗಿಲ್ಲ. ಆರನೆಯ ಶತಮಾನದ ವರಾಹಮಿಹಿರ ತನ್ನ ಬೃಹತ್ಸಂಹಿತೆಯ ವೃಕ್ಷಾಯುರ್ವೇದದ ಅಧ್ಯಾಯದಲ್ಲಿ, ಕೊಂಬೆಯನ್ನು ಬೇರೆ ಬುಡಕ್ಕೋ ಕಾಂಡಕ್ಕೋ ಕೂರಿಸಿ ಸಗಣಿ ಬಳಿಯುವ ಕ್ರಮ ಹೇಳಿ, ಅದಕ್ಕೆ ಒಗ್ಗುವ ಮರಗಳ ಪಟ್ಟಿಯಲ್ಲಿ ಹಲಸು, ದಾಳಿಂಬೆಗಳ ಜೊತೆ ಮಾದಲವನ್ನೂ ಸೇರಿಸಿದ್ದಾನೆ. ಕನ್ನಡದಲ್ಲೂ 1025ರ ಸುಮಾರಿಗೆ ಚಾವುಂಡರಾಯ ಬರೆದ 'ಲೋಕೋಪಕಾರ'ದಲ್ಲಿ ವೃಕ್ಷಾಯುರ್ವೇದಕ್ಕೊಂದು ಅಧ್ಯಾಯವೇ ಮೀಸಲು. ಗಿಡಮರದ ಆರೈಕೆ ಆಗಲೇ ಬರೆದಿಡುವಷ್ಟು ದೊಡ್ಡ ವಿಷಯವಾಗಿತ್ತು.

ಕಾಪುವಿನ ಕಡೆಗೆ ಬಂದರೆ ಕಸಿಯ ಲೆಕ್ಕಾಚಾರವೇ ಬದಲಾಗುತ್ತದೆ. 1901ರ ದೀಪಸ್ತಂಭ ನಿಂತಿರುವ ಆ ಕಡಲಂಚಿನಲ್ಲಿ ಮರಳು ಮಣ್ಣು, ಉಪ್ಪುಗಾಳಿ. ಮಾರ್ಚ್ ಬಂತೆಂದರೆ ಸಮುದ್ರದ ಹತ್ತಿರದ ಕೆಲವು ಬಾವಿಗಳಲ್ಲಿ ನೀರು ಸಪ್ಪೆ ಉಪ್ಪಾಗುತ್ತದೆ. ಹುಳಿಹಣ್ಣಿನ ಗಿಡಗಳಿಗೆ ಉಪ್ಪು ಆಗಿಬರುವುದಿಲ್ಲ. ಎಲೆಯ ತುದಿ ಸುಟ್ಟು ಉದುರುತ್ತದೆ. ಇಲ್ಲಿ ಬುಡ ಆರಿಸುವುದರಲ್ಲೇ ಅರ್ಧ ಕೆಲಸ. ಕೊಡಗಿನ ಕಿತ್ತಳೆಗೆ ಬೇರುಗಿಡವಾಗಿ ಬಳಸುವ ರಂಗಪುರ ಲಿಂಬೆಗೆ, ನೀರಿನ ಉಪ್ಪನ್ನು ಎಲೆಯವರೆಗೆ ಏರಗೊಡದೆ ಬೇರಿನಲ್ಲೇ ತಕ್ಕಮಟ್ಟಿಗೆ ತಡೆಯುವ ಗುಣವಿದೆ. ಟ್ರಿಸ್ಟೆಜಾ ವೈರಸ್ಸನ್ನೂ ಅದು ತಾಳಿಕೊಳ್ಳುತ್ತದೆ. ಬುಡ ರಂಗಪುರದ್ದು, ಮೇಲೆ ಬೇಕಾದ್ದು ಎಂದು ಮಾಡಿಕೊಂಡರೆ ಕಡಲತಡಿಯ ಹಿತ್ತಿಲಲ್ಲೂ ಮೂಸಂಬಿ ಕಾಣಬಹುದು.

ಕಾಪುವಿನಿಂದ ಒಳಗೆ ಶಂಕರಪುರಕ್ಕೆ ಹೋದರೆ ಮಲ್ಲಿಗೆಯ ನಾಡು. ಅಲ್ಲಿ 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಬೆಳಕು ಹರಿಯುವ ಮೊದಲೇ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟುವ ಹೆಂಗಸರ ಬೆರಳುಗಳನ್ನು ನೋಡಬೇಕು: ಮೊಗ್ಗು ನಲುಗಬಾರದು, ಗಂಟು ಸಡಿಲಾಗಲೂಬಾರದು. ಕಣ್ಣು ಕಸಿಗೆ ಬೇಕಾದದ್ದೂ ಇದೇ ಹದ. ಕಸಿ ತರಬೇತಿಗೆ ಇಂಥವರು ಹೆಚ್ಚು ಹೆಚ್ಚು ಬರಬೇಕೆಂಬುದು ನನ್ನ ಬಲವಾದ ಆಸೆ; ಚೂರಿ ಹಿಡಿಯುವ ಧೈರ್ಯ ಬಂದರೆ ಕಟ್ಟುವ ಪಾಠ ಅವರಿಗೆ ಬೇಕಿಲ್ಲ.

ಮಣಿಪಾಲದ ಮುರಕಲ್ಲಿನ ಗುಡ್ಡದಲ್ಲಿ ಹಿತ್ತಿಲೆಂದರೆ ಹೆಚ್ಚಿನವರಿಗೆ ತಾರಸಿ. ದೇಶದ ಮೂಲೆಮೂಲೆಯಿಂದ ಬಂದ ಮನೆಗಳವು. ನೀಲಿ ಡ್ರಮ್ಮಿನ ಒಂದು ಗಿಡಕ್ಕೆ ಮೂರು ಊರಿನ ನೆನಪು ಕಟ್ಟುವ ಉತ್ಸಾಹವಿದೆ. ಅಲ್ಲೇ ಒಂದು ಭಯವೂ. ಊರಿಂದ ಬರುವಾಗ ಸೂಟ್‌ಕೇಸಿನಲ್ಲಿ ತಂದ ಕಡ್ಡಿಯ ಜೊತೆ ರೋಗವೂ ಬರುತ್ತದೆ. ಟ್ರಿಸ್ಟೆಜಾ ಆಗಲಿ ಗ್ರೀನಿಂಗ್ ಆಗಲಿ ಕಸಿಯ ಮೂಲಕವೇ ಹರಡಬಲ್ಲವು. ಹಲವು ಜಾತಿಯ ಮರಕ್ಕೆ ಒಂದು ಕೆಟ್ಟ ಕಡ್ಡಿ ಕಟ್ಟಿದರೆ ಕೆಡುವುದು ಆ ಕೊಂಬೆ ಮಾತ್ರವಲ್ಲ, ಇಡೀ ಮರ. ಕಡ್ಡಿ ಕೊಯ್ಯುವ ಮೊದಲು ತಾಯಿಮರದ ಎಲೆಯನ್ನು ಬೆಳಕಿಗೆ ಹಿಡಿದು ನೋಡಬೇಕು. ನಡುನರದ ಎರಡೂ ಬದಿಗೆ ಸಮನಾಗಿ ಹಳದಿಯಾಗಿದ್ದರೆ ಅದು ಸತುವಿನಂಥ ಪೋಷಕಾಂಶದ ಕೊರತೆಯಿರಬಹುದು, ಸರಿಪಡಿಸಬಹುದು. ಒಂದು ಬದಿಗೊಂದು ಥರ, ತೇಪೆತೇಪೆಯಾಗಿ ಹಳದಿಯಿದ್ದರೆ ಗ್ರೀನಿಂಗ್ ಎಂದೇ ಅನುಮಾನಿಸಿ ಆ ಮರದಿಂದ ದೂರ ಸರಿಯಬೇಕು. ಸಂಶಯವಿದ್ದರೆ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರ ಹತ್ತಿರದಲ್ಲೇ ಇದೆ, ಎಲೆ ಒಯ್ದು ತೋರಿಸಬಹುದು.

ಉಡುಪಿ ಪೇಟೆಯ ಹಳೆಯ ಮನೆಗಳ ಹಿಂದೆ ಜಾಗ ಸೆಂಟ್ಸ್ ಲೆಕ್ಕದಲ್ಲಿ ಕರಗುತ್ತಿದೆ. ಒಂದು ತೆಂಗು, ಒಂದು ಬಾವಿ, ಒಂದು ಬೇವಿನಸೊಪ್ಪಿನ ಗಿಡ, ಲಿಂಬೆಗೊಂದು ಮೂಲೆ: ಅಷ್ಟೇ. ಈ ಬೇವಿನಸೊಪ್ಪು, ಎಂದರೆ ಒಗ್ಗರಣೆಯ ಕರಿಬೇವು, ಲಿಂಬೆಯದೇ ಕುಟುಂಬದ್ದು. ಗ್ರೀನಿಂಗ್ ಹರಡುವ ಪುಟ್ಟ ಜಿಗಿಹುಳು ಅದರ ಚಿಗುರಿನಲ್ಲೂ ಮೊಟ್ಟೆಯಿಡುತ್ತದೆ. ಎರಡೂ ಗಿಡ ಪಕ್ಕಪಕ್ಕ ಇರುವಲ್ಲಿ ಚಿಗುರು ಬಂದಾಗಲೆಲ್ಲ ಕಣ್ಣಿಡಬೇಕು. ಎರಡಕ್ಕೂ ಬರುವ ಇನ್ನೊಬ್ಬ ಅತಿಥಿ ಲಿಂಬೆ ಚಿಟ್ಟೆಯ ಹುಳು. ಎಳೆಯದರಲ್ಲಿ ಹಕ್ಕಿಯ ಹಿಕ್ಕೆಯ ಬಣ್ಣ, ಬೆಳೆದ ಮೇಲೆ ಅಚ್ಚ ಹಸಿರು. ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಮಿದು ಕೊಂಬೊಂದನ್ನು ಹೊರಚಾಚಿ ಘಾಟು ಬಿಡುತ್ತದೆ. ದೊಡ್ಡ ಮರವಾದರೆ ನಾನಂತೂ ಅದನ್ನು ಇರಗೊಡುತ್ತೇನೆ. ಆಗಷ್ಟೇ ಹಿಡಿದ ಕಸಿಯ ಎರಡೆಲೆಯ ಮೇಲೆ ಕಂಡರೆ ಮಾತ್ರ ಎತ್ತಿ ಕರಿಬೇವಿಗೆ ಬಿಡಬೇಕು.

ಇಷ್ಟೆಲ್ಲ ಕಷ್ಟ ಯಾಕೆಂದು ಕೇಳುವವರು ಒಮ್ಮೆ ಇಲ್ಲಿನ ಅಡುಗೆಮನೆಗೆ ಬರಬೇಕು. ಕಂಚಿಕಾಯಿಗೆ ಬೆಲ್ಲ, ಮೆಣಸು ಕೂಡಿಸಿದ ಗೊಜ್ಜಿನ ಕಹಿ ಪೇಟೆಯ ಲಿಂಬೆಯಿಂದ ಬರುವುದಿಲ್ಲ. ಗಜಲಿಂಬೆಯ ದಪ್ಪ ಸಿಪ್ಪೆಯ ಉಪ್ಪಿನಕಾಯಿಗೆ ಬೇರೆ ಕಾಯಿ ಒದಗುವುದಿಲ್ಲ. ಮಜ್ಜಿಗೆನೀರಿಗೆ ಹಿಸುಕಿ ಹಾಕುವ ಎಳೆ ಎಲೆಯೂ ಇಂಥದೇ ಆಗಬೇಕೆಂಬ ಮನೆಗಳಿವೆ. ನರ್ಸರಿಗಳಲ್ಲಿ ಸಿಗುವುದು ಬೀಜವಿಲ್ಲದ ಲಿಂಬೆ, ಮೂಸಂಬಿ, ಹೆಚ್ಚೆಂದರೆ ಒಂದು ಚಕ್ಕೋತ. ಮಾರಾಟವಾಗದ ಹುಳಿಗಳೆಲ್ಲ ಹಳೆಯ ಮನೆಗಳ ಹಿಂದೆ ಮಾತ್ರ ಬದುಕಿವೆ. ಮನೆ ಬಿದ್ದ ದಿನ ಅವೂ ಬೀಳುತ್ತವೆ. ಐದು ಸೆಂಟ್ಸಿನಲ್ಲಿ ಐದು ಮರ ಆಗದು, ಒಂದು ಮರದಲ್ಲಿ ಐದು ಕೊಂಬೆ ಆಗುತ್ತದೆ. ಹಲಸಿಗೆ, ಅಪ್ಪೆಮಿಡಿಗೆ ಸಿಕ್ಕ ಮರ್ಯಾದೆ ಈ ಹುಳಿಹಣ್ಣುಗಳಿಗೂ ಸಿಗಬೇಕು.

ಕಟ್ಟಿದರೆ ಮುಗಿಯಿತೆಂದೂ ಅಲ್ಲ. ಚಕ್ಕೋತ, ಗಜಲಿಂಬೆಗಳದು ಮುನ್ನುಗ್ಗುವ ಸ್ವಭಾವ. ಬಿಟ್ಟರೆ ಕಿತ್ತಳೆಯಂಥ ಸಾಧುಕೊಂಬೆಯನ್ನು ನೆರಳಲ್ಲಿ ಕೂರಿಸಿ ಸೊರಗಿಸುತ್ತವೆ. ಮೆಲ್ಲಗೆ ಬೆಳೆಯುವವಕ್ಕೆ ಬಿಸಿಲಿನ ಜಾಗ ಕೊಟ್ಟು, ಜೋರಿನವನ್ನು ವರ್ಷವರ್ಷ ಸವರಬೇಕು. ಬುಡದಿಂದ ನೆಟ್ಟಗೆ ಏಳುವ ಮುಳ್ಳಿನ ಚಿಗುರನ್ನು ಕಂಡಲ್ಲೇ ಮುರಿಯಬೇಕು. ಮಳೆಗಾಲದಲ್ಲಿ ಬುಡಕ್ಕೆ ನೀರು ನಿಂತರೆ ತೊಗಟೆ ಕೊಳೆತು ಅಂಟು ಸೋರುತ್ತದೆ. ಅದಕ್ಕೇ ಗಿಡ ದಿಬ್ಬದ ಮೇಲಿರಬೇಕು, ಕಸಿಯ ಗಂಟು ಮಣ್ಣಿಗೆ ತಾಗಬಾರದು.

ಕಾರ್ಕಳದ ಅಮ್ಮ ಆ ದಿನ ಚಹಾ ಕೊಡುತ್ತ ಮರದ ಮೂಡಣ ಬದಿ ತೋರಿಸಿದರು. ಅಲ್ಲೊಂದು ಕೊಂಬೆ ಇನ್ನೂ ಖಾಲಿ.

"ಅದಕ್ಕೆ ಮಾದಲ ಕಟ್ಟಬೇಕು ಮಾರಾಯ್ರೆ. ಹೆಬ್ರಿಯಲ್ಲಿ ನಮ್ಮ ನಾದಿನಿ ಮನೆಯಲ್ಲಿ ಮರ ಉಂಟು. ಕಡ್ಡಿ ಯಾವಾಗ ತರಿಸಲಿ?"

"ತರಿಸುವುದು ಬೇಡ ಅಮ್ಮ. ಮೊದಲು ನಾನೇ ಹೋಗಿ ಎಲೆ ನೋಡಿ ಬರ್ತೇನೆ."