ಕರಣೆ ಹಿಡಿದ ಕೈಗೊಂದು ಕಾಗದ

ದಾವಣಗೆರೆಯಲ್ಲಿ ಮನೆ ಕಟ್ಟಿಸುವವರು ಮೇಸ್ತ್ರಿಗೆ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಚದರಕ್ಕೆ ಎಷ್ಟು? ಸೆಂಟ್ರಿಂಗ್ ಸಾಮಾನು ಯಾರದು? ಶ್ರಾವಣಕ್ಕೆ ಗೃಹಪ್ರವೇಶ ಆದೀತಾ? ಸಿವಿಲ್ ಡಿಪ್ಲೊಮಾ ಮುಗಿಸಿ ಶಾಮನೂರು ರಸ್ತೆ, ಆವರಗೆರೆ, ಆಚೆ ಹರಿಹರದವರೆಗೂ ಮನೆಗಳ ಉಸ್ತುವಾರಿ ನೋಡಿಕೊಳ್ಳುವ ನಾನು ಇಂಥ ಮಾತುಕತೆಗಳ ನಡುವೆ ಬಹಳ ವರ್ಷಗಳಿಂದ ಕೂತಿದ್ದೇನೆ. ‘ನಿಮ್ಮ ಹುಡುಗರು ಕೆಲಸ ಎಲ್ಲಿ ಕಲಿತರು? ಮೇಲೆ ಹತ್ತಿದವರು ಬೀಳದಂತೆ ಏನು ವ್ಯವಸ್ಥೆ ಮಾಡಿದ್ದೀರಿ?’ ಎಂದು ಕೇಳುವವರು ತೀರ ಅಪರೂಪ. ಬಾಗಿಲಿಗೆ ಸಾಗವಾನಿಯೋ ಹೊನ್ನೆಯೋ ಎಂದು ಹತ್ತು ಅಂಗಡಿ ವಿಚಾರಿಸುವ ಜನ, ತಲೆ ಮೇಲಿನ ಆರ್‌ಸಿಸಿ ಹಾಕುವವನ ವಿದ್ಯೆಯನ್ನು ವಿಚಾರಿಸುವುದಿಲ್ಲ.

ನಮ್ಮಪ್ಪ ಹರಿಹರದಲ್ಲಿ ಗಾರೆ ಮೇಸ್ತ್ರಿ. ಅವರ ಪಾಠಶಾಲೆ ಸೈಟೇ. ಮೊದಲು ಬಾಂಡ್ಲಿ ಹೊತ್ತರು, ಆಮೇಲೆ ಸಿಮೆಂಟು ಕಲಸಿದರು. ಮೇಸ್ತ್ರಿ ಊಟಕ್ಕೆ ಕೂತಾಗ ಕರಣೆ ಎತ್ತಿಕೊಂಡು ಎರಡು ವರಸೆ ಇಟ್ಟಿಗೆ ಕಟ್ಟಿ ನೋಡಿದರು, ಬೈಸಿಕೊಂಡರು, ಬಿಚ್ಚಿ ಮತ್ತೆ ಕಟ್ಟಿದರು. ಗುಂಡು ಬಿಟ್ಟು ಗೋಡೆಯ ನೇರ ನೋಡುವುದು, ರಸಮಟ್ಟ ಇಟ್ಟು ಸಮ ನೋಡುವುದು, ಮೂರಡಿ ನಾಲ್ಕಡಿ ಐದಡಿ ದಾರ ಹಿಡಿದು ಪಾಯದ ಮೂಲೆ ಕೂಡಿಸುವುದು, ಎಲ್ಲ ಹೀಗೆ ಕಣ್ಣಿನಿಂದ ಕೈಗೆ ಇಳಿದ ವಿದ್ಯೆ. ನಾನು ಕಾಲೇಜಿನಲ್ಲಿ ಓದಿದ್ದಕ್ಕಿಂತ ಅವರ ಕೆಲಸ ಎಷ್ಟೋ ಕಡೆ ಚೊಕ್ಕ. ಆದರೆ ಅದನ್ನು ತೋರಿಸಲು ಅವರ ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ.

ಅದೇ ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಇತ್ತು. ಅಲ್ಲಿ ಲೇಥ್ ಮುಂದೆ ನಿಂತವನಿಗೆ ಐಟಿಐ ಸರ್ಟಿಫಿಕೇಟು, 1961ರ ಶಿಶಿಕ್ಷು ಕಾಯ್ದೆಯ ಅಪ್ರೆಂಟಿಸ್ ತರಬೇತಿ, ಅಪಘಾತವಾದರೆ ಕೇಳಲು ಕಾರ್ಖಾನೆ ಕಾನೂನು ಇದ್ದವು. ಕಾರ್ಖಾನೆ ಮುಚ್ಚಿದ ಮೇಲೆ ಆ ಕಾಗದ ಹಿಡಿದು ಹುಬ್ಬಳ್ಳಿ, ಬೆಂಗಳೂರು, ಪುಣೆಗೆ ಹೋಗಿ ಬದುಕು ಕಟ್ಟಿಕೊಂಡವರು ನಮ್ಮ ಓಣಿಯಲ್ಲೇ ಇದ್ದಾರೆ. ಅವರ ಮನೆಗಳಿಗೆ ಗೋಡೆ ಎಬ್ಬಿಸಿದ ಮೇಸ್ತ್ರಿ ಮಾತ್ರ ಊರು ಬಿಟ್ಟು ಹೋದರೆ ಮತ್ತೆ ಆಳಿನ ಕೂಲಿಯಿಂದಲೇ ಶುರು ಮಾಡಬೇಕು. ಗುರುತು ಪರಿಚಯದವರು ಇರುವಷ್ಟು ದೂರ ಮಾತ್ರ ಅವನ ವಿದ್ಯೆಗೆ ಬೆಲೆ.

ಈ ಕೊರತೆ ತುಂಬುವ ವ್ಯವಸ್ಥೆ ದೇಶದಲ್ಲಿ ಈಗ ಇದೆ. 2013ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟನ್ನು ಪ್ರಕಟಿಸಿತು. ಕಸುಬುಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿ, ಒಂದೊಂದು ಮೆಟ್ಟಿಲಲ್ಲಿ ಇರುವವನಿಗೆ ಏನೇನು ಗೊತ್ತಿರಬೇಕು ಎಂದು ಬರೆದಿಡುವ ಕ್ರಮ ಇದು. ಕಟ್ಟಡ ಕೆಲಸಕ್ಕೆ ಆ ಪಟ್ಟಿ ಬರೆದದ್ದು ನಿರ್ಮಾಣ ಕೌಶಲ ಅಭಿವೃದ್ಧಿ ಮಂಡಳಿ. ಅಸಿಸ್ಟೆಂಟ್ ಮೇಸನ್, ಮೇಸನ್, ಬಾರ್ ಬೆಂಡರ್, ಶಟರಿಂಗ್ ಕಾರ್ಪೆಂಟರ್, ಸ್ಕ್ಯಾಫೋಲ್ಡರ್ ಹೀಗೆ ಒಂದೊಂದಕ್ಕೂ ಬೇರೆ ಬೇರೆ ಅರ್ಹತೆ. ನನಗೆ ಇದರಲ್ಲಿ ಹಿಡಿಸಿದ್ದು ಒಂದು ಸಂಗತಿ: ಯಾವ ಕಸುಬನ್ನೇ ತೆಗೆದುಕೊಳ್ಳಿ, ಸುರಕ್ಷತೆಯ ಅಧ್ಯಾಯ ಅದರೊಳಗೇ ಕಡ್ಡಾಯವಾಗಿ ಸೇರಿದೆ. ಗೋಡೆ ಕಟ್ಟಲು ಬಂದು, ಸಾರವೆ ಮೇಲೆ ನಿಲ್ಲಲು ಬಾರದಿದ್ದರೆ ಅವನು ಪೂರ್ತಿ ಮೇಸನ್ ಅಲ್ಲ ಎಂದೇ ಅದರ ಅರ್ಥ.

ಹಾಗಾದರೆ ಇಪ್ಪತ್ತು ವರ್ಷ ಕೆಲಸ ಮಾಡಿದವನು ಮತ್ತೆ ಬೆಂಚಿನ ಮೇಲೆ ಕೂರಬೇಕೆ? ಬೇಕಿಲ್ಲ. ಮೊದಲೇ ಕಲಿತದ್ದನ್ನು ಪರೀಕ್ಷಿಸಿ ಮಾನ್ಯ ಮಾಡುವ ದಾರಿ ಒಂದಿದೆ. ಅದಕ್ಕೆ ಆರ್‌ಪಿಎಲ್ ಎನ್ನುತ್ತಾರೆ. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯ ಒಂದು ಭಾಗ ಅದು. ಸ್ವಲ್ಪ ಹೊತ್ತಿನ ತಿಳಿವಳಿಕೆ, ಸುರಕ್ಷತೆಯ ಪಾಠ, ಆಮೇಲೆ ಹೊರಗಿನಿಂದ ಬಂದ ಪರೀಕ್ಷಕರ ಮುಂದೆ ಕೆಲಸ ಮಾಡಿ ತೋರಿಸುವುದು. ಕೆಲಸದ ಜಾಗದಲ್ಲೇ ಪರೀಕ್ಷೆ ಮಾಡುವ ಅವಕಾಶವೂ ಇದೆ. ಹಿಂದೆ ಪಾಸಾದವರಿಗೆ 500 ರೂಪಾಯಿ ಕೊಡುವ ಕ್ರಮವಿತ್ತು. ಆದರೆ ತರಬೇತಿಗೆಂದು ಎರಡು ದಿನ ಕೆಲಸ ಬಿಟ್ಟರೆ ಮೇಸ್ತ್ರಿಗೆ ಹೋಗುವ ಕೂಲಿ ಅದಕ್ಕಿಂತ ಹೆಚ್ಚು. ‘ಸಾರ್, ಆ ಸರ್ಟಿಫಿಕೇಟ್ ನೋಡಿ ಯಾರಾದ್ರೂ ಐವತ್ತು ರೂಪಾಯಿ ಜಾಸ್ತಿ ಕೊಡ್ತಾರಾ?’ ಎಂದು ನಮ್ಮ ಬಾರ್ ಬೆಂಡಿಂಗ್ ಹುಡುಗ ಕೇಳಿದ. ಅವನ ಪ್ರಶ್ನೆ ನ್ಯಾಯವಾದದ್ದು. ಕೊಡುವವರು ಮನಸ್ಸು ಮಾಡದೆ ಆ ಕಾಗದಕ್ಕೆ ಬೆಲೆ ಬಾರದು.

ಇಲ್ಲೊಂದು ಗೊಂದಲ ಬಿಡಿಸಬೇಕು. ‘ಲೇಬರ್ ಕಾರ್ಡ್ ಐತಲ್ಲ ಸಾರ್’ ಎಂದು ಬಹಳ ಮಂದಿ ಹೇಳುತ್ತಾರೆ. ಅದು ಬೇರೆ, ಇದು ಬೇರೆ. ಲೇಬರ್ ಕಾರ್ಡು ಕೊಡುವುದು 2007ರಲ್ಲಿ ಸ್ಥಾಪನೆಯಾದ ಕರ್ನಾಟಕ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿ. ವಯಸ್ಸು 18ರಿಂದ 60ರೊಳಗಿದ್ದು, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದರೆ ಅದು ಸಿಗುತ್ತದೆ. ಪಿಂಚಣಿ, ಮದುವೆ, ಹೆರಿಗೆ, ಅಪಘಾತದ ನೆರವಿಗೆ ಅದೇ ಆಧಾರ, ಎಲ್ಲರೂ ಮಾಡಿಸಲೇಬೇಕು. ಆದರೆ ಆ ಕಾರ್ಡು ಹೇಳುವುದು ಇವನು ಕೆಲಸ ಮಾಡಿದ್ದಾನೆ ಎಂಬುದನ್ನಷ್ಟೆ. ಕೆಲಸ ಬರುತ್ತದೆ ಎಂದು ಹೇಳುವುದು ಕೌಶಲ ಪ್ರಮಾಣಪತ್ರ. ಎರಡನ್ನೂ ಬೆಸೆಯುವ ಒಂದು ಕೊಂಡಿ ಮಂಡಳಿಯಲ್ಲೇ ಇದೆ: ‘ಶ್ರಮ ಸಾಮರ್ಥ್ಯ’ ಎಂಬ ಹೆಸರಿನಲ್ಲಿ ತರಬೇತಿ ಮತ್ತು ಸಲಕರಣೆ ಪೆಟ್ಟಿಗೆ ಕೊಡುವ ಯೋಜನೆ. ಪೆಟ್ಟಿಗೆಯನ್ನು ಎಲ್ಲರೂ ಕೇಳುತ್ತಾರೆ. ತರಬೇತಿಯನ್ನೂ ಅಷ್ಟೇ ಗಟ್ಟಿಯಾಗಿ ಕೇಳಬೇಕು.

ಇನ್ನು ಸುರಕ್ಷತೆ. ಹೆಲ್ಮೆಟ್ ಎಂದ ಕೂಡಲೇ ಮಾತು ಮುಗಿಯಿತು ಎಂದುಕೊಳ್ಳುತ್ತೇವೆ. ನಮ್ಮ ಊರುಗಳಲ್ಲಿ ಜೀವ ಹೋಗುವ ಜಾಗಗಳು ಬೇರೆಯೇ ಇವೆ.

ಮೊದಲನೆಯದು ಸಂಪು. ಹರಿಹರದ ಸುತ್ತ, ದಾವಣಗೆರೆಯ ಎಷ್ಟೋ ಹೊಸ ಬಡಾವಣೆಗಳಲ್ಲಿ ಎರೆ ಮಣ್ಣು. ಬೇಸಿಗೆಯಲ್ಲಿ ಅಗೆದರೆ ಗೋಡೆ ಕಡಿದಂತೆ ನೆಟ್ಟಗೆ ನಿಲ್ಲುತ್ತದೆ, ನೋಡಿದವರಿಗೆ ಧೈರ್ಯ ಬರುತ್ತದೆ. ಒಂದು ಮಳೆ ಬಿದ್ದರೆ ಅದೇ ಮಣ್ಣು ಒಮ್ಮೆಗೇ ಜಾರುತ್ತದೆ. ಅಗೆತದ ಸುರಕ್ಷತೆಗೆಂದೇ ಇರುವ ಭಾರತೀಯ ಮಾನಕ ಐಎಸ್ 3764ರ ಪ್ರಕಾರ ಒಂದೂವರೆ ಮೀಟರಿಗಿಂತ, ಅಂದರೆ ಸುಮಾರು ಐದಡಿಗಿಂತ ಆಳ ಹೋದರೆ ಪಕ್ಕಕ್ಕೆ ಹಲಗೆ ಊರೆ ಕೊಡಬೇಕು, ಇಲ್ಲವೇ ಇಳಿಜಾರಾಗಿ ಕಡಿಯಬೇಕು. ಅಗೆದ ಮಣ್ಣನ್ನು ಗುಂಡಿಯ ಅಂಚಿನಲ್ಲೇ ರಾಶಿ ಹಾಕಬಾರದು. ನಮ್ಮಲ್ಲಿ ಸಂಪು ಏಳೆಂಟು ಅಡಿ ಇರುತ್ತದೆ, ಸೈಟು ಇಕ್ಕಟ್ಟು, ಮಣ್ಣು ಬೀಳುವುದು ಅಂಚಿಗೇ.

ಸಂಪಿನ ಇನ್ನೊಂದು ಅಪಾಯ ಕಣ್ಣಿಗೆ ಕಾಣುವುದಿಲ್ಲ. ಮೇಲಿನ ಸ್ಲ್ಯಾಬ್ ಹಾಕಿ ಸಣ್ಣ ಬಾಯಿ ಬಿಟ್ಟು ಮುಚ್ಚಿಟ್ಟಾಗ ಒಳಗೆ ಹಸಿ ಮರ, ಹಲಗೆ, ನಿಂತ ನೀರು ಉಳಿದಿರುತ್ತವೆ. ದಿನ ಕಳೆದಂತೆ ಮರ ಕೊಳೆತು ಒಳಗಿನ ಆಮ್ಲಜನಕವನ್ನು ತಿಂದುಬಿಡುತ್ತದೆ. ಸೆಂಟ್ರಿಂಗ್ ಬಿಚ್ಚಲು ಇಳಿದವನು ಅಲ್ಲೇ ಕುಸಿಯುತ್ತಾನೆ. ‘ಏನಾಯ್ತು ಅಣ್ಣಾ’ ಎಂದು ಕೂಗುತ್ತ ಇನ್ನೊಬ್ಬ ಇಳಿಯುತ್ತಾನೆ. ಇಂಥ ದುರಂತಗಳಲ್ಲಿ ಮತ್ತೆ ಮತ್ತೆ ಕಾಣುವುದು ಇದೇ: ಕಾಪಾಡಲು ಇಳಿದವನೂ ಉಳಿಯುವುದಿಲ್ಲ. ಇದಕ್ಕೆ ದೊಡ್ಡ ಖರ್ಚಿಲ್ಲ. ಹಿಂದಿನ ದಿನವೇ ಮುಚ್ಚಳ ತೆಗೆದಿಡಬೇಕು, ಫ್ಯಾನ್ ಅಥವಾ ಬ್ಲೋಯರ್ ಇಟ್ಟು ಒಳಗೆ ಗಾಳಿ ಆಡಿಸಬೇಕು, ಸೊಂಟಕ್ಕೆ ಹಗ್ಗ ಕಟ್ಟಿಯೇ ಇಳಿಯಬೇಕು, ಹಗ್ಗದ ತುದಿ ಹಿಡಿದು ಮೇಲೆ ಜನ ಇರಬೇಕು. ಕೆಳಗಿನವನು ಮಾತಾಡದಿದ್ದರೆ ಯಾರೂ ಹಾಗೇ ಇಳಿಯಬಾರದು. ಹತ್ತು ನಿಮಿಷದಲ್ಲಿ ಹೇಳಿ ಮುಗಿಯುವ ಪಾಠ ಇದು. ನಾನು ಹೇಳಿದಾಗ ವಯಸ್ಸಾದ ಮೇಸ್ತ್ರಿಗಳೂ ಮೊದಲ ಸಲ ಕೇಳಿದಂತೆ ಕೇಳಿದ್ದಾರೆ.

ಎರಡನೆಯದು ಸೆಂಟ್ರಿಂಗ್ ಬಿಚ್ಚುವ ಅವಸರ. ತಗಡು, ಊರೆಗಳ ಬಾಡಿಗೆ ದಿನದ ಲೆಕ್ಕದಲ್ಲಿ ಏರುತ್ತದೆ, ಮುಂದಿನ ಸೈಟಿನವರು ಫೋನ್ ಮಾಡುತ್ತಲೇ ಇರುತ್ತಾರೆ. ಐಎಸ್ 456ರ ಲೆಕ್ಕ ಹೀಗಿದೆ: ನಾಲ್ಕೂವರೆ ಮೀಟರ್ ಅಗಲದವರೆಗಿನ ಸ್ಲ್ಯಾಬಿನ ಊರೆಗಳು 7 ದಿನ, ಅದಕ್ಕಿಂತ ಅಗಲವಾದರೆ 14 ದಿನ, 6 ಮೀಟರ್‌ವರೆಗಿನ ಬೀಮಿಗೆ 14 ದಿನ, ಅದಕ್ಕೂ ಉದ್ದವಾದರೆ 21 ದಿನ. ಅದೂ ಓಪಿಸಿ ಸಿಮೆಂಟಿಗೆ. ಮನೆ ಕೆಲಸಕ್ಕೆ ಹೆಚ್ಚಾಗಿ ಬರುವುದು ಪಿಪಿಸಿ ಚೀಲ. ಅದು ನಿಧಾನವಾಗಿ ಗಟ್ಟಿಯಾಗುವುದರಿಂದ ಇನ್ನೂ ಕೆಲವು ದಿನ ಬಿಡಬೇಕು. ಈ ಅಂಕಿಗಳು ಎಂಜಿನಿಯರಿಗೆ ಗೊತ್ತಿದ್ದರೆ ಸಾಲದು, ಸುತ್ತಿಗೆ ಹಿಡಿದು ಊರೆ ಹೊಡೆಯುವ ಹುಡುಗನಿಗೆ ಗೊತ್ತಿರಬೇಕು. ಕೆಳಗೆ ನಿಲ್ಲುವವನು ಅವನು.

ವಿದ್ಯುತ್ ತಂತಿ ಮೂರನೆಯದು. ಹಳೇ ದಾವಣಗೆರೆಯ ಇಕ್ಕಟ್ಟಿನ ಓಣಿಗಳಲ್ಲಿ ಮಹಡಿ ಎಬ್ಬಿಸುವಾಗ 11 ಕೆ.ವಿ. ತಂತಿ ಕೈಗೆ ಸಿಗುವಷ್ಟು ಹತ್ತಿರವಿರುತ್ತದೆ. ಕಟ್ಟಡದ ಪಕ್ಕದಲ್ಲಿ ಅದಕ್ಕೆ ಕನಿಷ್ಠ 1.2 ಮೀಟರ್ ಅಂತರ ಬೇಕು ಎಂಬುದು ನಿಯಮ. ಆದರೆ ಕಬ್ಬಿಣದ ಸರಳಿನ ಉದ್ದ 12 ಮೀಟರ್, ತಿರುಗಿಸುವಾಗ ತುದಿ ಎಲ್ಲಿಗೆ ತಾಗುತ್ತದೆಂದು ಹಿಡಿದವನಿಗೇ ಕಾಣುವುದಿಲ್ಲ. ಸರಳು ಮೇಲೇರಿಸುವ ದಿನ ಬೆಸ್ಕಾಂಗೆ ಮೊದಲೇ ಹೇಳಿ ಲೈನ್ ಆಫ್ ಮಾಡಿಸಿಕೊಳ್ಳಿ.

2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ವಾಣಿಜ್ಯ ಸಂಕೀರ್ಣ ಕುಸಿದು 19 ಮಂದಿ ಸತ್ತಾಗ ರಾಜ್ಯವೇ ಮಾತಾಡಿತು. ಸಂಪಿನಲ್ಲಿ, ಸಾರವೆಯಿಂದ, ತಂತಿ ತಾಗಿ ಒಬ್ಬೊಬ್ಬರೇ ಹೋದಾಗ ಆ ಮಾತು ಏಳುವುದಿಲ್ಲ. ಕಾನೂನಿನ ಕಣ್ಣಿಗೂ ಅವರು ಬೀಳುವುದು ಕಷ್ಟ. 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಕಡೆಗೆ ಮಾತ್ರ ಅನ್ವಯವಾಗುತ್ತಿತ್ತು. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ ಬಂದ ಔದ್ಯೋಗಿಕ ಸುರಕ್ಷತಾ ಸಂಹಿತೆಯಲ್ಲೂ ಹತ್ತರ ಗೆರೆ ಹಾಗೇ ಇದೆ. ಮೂವತ್ತು ನಲವತ್ತರ ಸೈಟಿನಲ್ಲಿ ಸ್ಲ್ಯಾಬ್ ಹಾಕುವ ದಿನ ಬಿಟ್ಟರೆ ಹತ್ತು ಮಂದಿ ಎಲ್ಲಿರುತ್ತಾರೆ? ಕಾನೂನು ಒತ್ತಾಯಿಸದ ಕಡೆಯೂ ದಾರಿ ಇದೆ: ಬ್ರಿಟನ್ನಿನಲ್ಲಿ 1995ರಿಂದ ಸಿಎಸ್‌ಸಿಎಸ್ ಎಂಬ ಕಾರ್ಡಿನ ಪದ್ಧತಿ ಇದೆ. ಕಸುಬಿನ ಅರ್ಹತೆ ತೋರಿಸಿ, ಸುರಕ್ಷತೆಯ ಪರೀಕ್ಷೆ ಪಾಸಾದರೆ ಮಾತ್ರ ಆ ಕಾರ್ಡು. ಅದು ಕಾನೂನಿನ ಕಡ್ಡಾಯವಲ್ಲ, ದೊಡ್ಡ ಗುತ್ತಿಗೆದಾರರು ಕಾರ್ಡಿಲ್ಲದವರನ್ನು ಗೇಟಿನೊಳಗೆ ಬಿಡದ ಕಾರಣ ಅದಕ್ಕೆ ಬೆಲೆ ಬಂತು. ನಮ್ಮಲ್ಲಿ ಆ ಗೇಟಿನ ಕೀಲಿ ಮನೆಯೊಡೆಯನ ಕೈಯಲ್ಲಿದೆ.

ಹೆಣ್ಣಾಳುಗಳ ಮಾತು ಹೇಳದೆ ಇದನ್ನು ಮುಗಿಸಲಾರೆ. ಒಂದಕ್ಕೆ ಆರರ ಕಲಸು, ಒಂದಕ್ಕೆ ನಾಲ್ಕರ ಕಲಸು ಯಾವುದೆಂದು ಸಲಿಕೆಯ ಭಾರದಲ್ಲೇ ಹೇಳುವ ಅಕ್ಕಂದಿರು ನಮ್ಮ ಸೈಟುಗಳಲ್ಲಿ ಇದ್ದಾರೆ. ಬಾಂಡ್ಲಿ ಹೊರಲು ಬಂದ ಹುಡುಗ ನಾಲ್ಕೈದು ವರ್ಷದಲ್ಲಿ ಕರಣೆ ಹಿಡಿದು ಮೇಸ್ತ್ರಿಯಾಗುತ್ತಾನೆ, ಅವನ ಜೊತೆಗೇ ಬಂದ ಅಕ್ಕ ಮುಪ್ಪಿನವರೆಗೂ ಬಾಂಡ್ಲಿ ಹೊರುತ್ತಾಳೆ, ಕೂಲಿಯೂ ಕಡಿಮೆ. ಜಾರ್ಖಂಡಿನಲ್ಲಿ ಸ್ವಚ್ಛ ಭಾರತದ ಶೌಚಾಲಯ ಕಟ್ಟಲು ಹಳ್ಳಿಯ ಹೆಂಗಸರಿಗೆ ಗಾರೆ ಕೆಲಸ ಕಲಿಸಿದರು. ಅವರನ್ನು ಅಲ್ಲಿ ‘ರಾನಿ ಮಿಸ್ತ್ರಿ’ ಎಂದೇ ಕರೆಯುತ್ತಾರೆ. ಅಸಿಸ್ಟೆಂಟ್ ಮೇಸನ್ ಪರೀಕ್ಷೆಗೆ ಗಂಡು ಹೆಣ್ಣೆಂಬ ಭೇದವಿಲ್ಲ. ಕಣ್ಣಳತೆಯಲ್ಲಿ ಪಾಸಾದವರನ್ನು ಪರೀಕ್ಷೆಗೆ ಕೂರಿಸುವ ಕೆಲಸ ಮಾತ್ರ ಬಾಕಿ.

ಕಲಿಸುವುದು ಎಲ್ಲಿ? ಗ್ರಾಮೀಣ ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಒಳ್ಳೆಯ ಮಾದರಿ ಇದೆ: 45 ದಿನ, ಫಲಾನುಭವಿಯ ನಿಜವಾದ ಮನೆಯನ್ನೇ ಕಟ್ಟುತ್ತ ಕಲಿಯುವುದು. 1986ರಲ್ಲಿ ಕೇರಳದ ಕೊಲ್ಲಂನಲ್ಲಿ ಮೊದಲ ನಿರ್ಮಿತಿ ಕೇಂದ್ರ ತೆರೆದಾಗಲೂ ಗಾರೆ ಕೆಲಸದವರಿಗೆ ತರಬೇತಿ ಕೊಡುವುದು ಅದರ ಮುಖ್ಯ ಉದ್ದೇಶಗಳಲ್ಲಿ ಒಂದು. ನಮ್ಮ ಜಿಲ್ಲೆಯಲ್ಲೂ ನಿರ್ಮಿತಿ ಕೇಂದ್ರವಿದೆ, ಐಟಿಐಗಳಿವೆ, ಬಿಐಇಟಿ, ಯುಬಿಡಿಟಿಯಂಥ ಎಂಜಿನಿಯರಿಂಗ್ ಕಾಲೇಜುಗಳಿವೆ. ಸಿವಿಲ್ ವಿಭಾಗದ ಲ್ಯಾಬುಗಳು ಭಾನುವಾರ ಖಾಲಿ. ಬಟವಾಡೆಯಾದ ಮರುದಿನ ಮೇಸ್ತ್ರಿಗಳನ್ನು ಅಲ್ಲಿಗೆ ಕರೆದು, ಅಂದಿನ ಕೂಲಿಯನ್ನು ಕಲ್ಯಾಣ ಮಂಡಳಿಯ ಸೆಸ್ ಹಣದಲ್ಲೇ ಕೊಟ್ಟು ಕಲಿಸಬಹುದು. ಕಟ್ಟಡ ವೆಚ್ಚದ ಶೇ. 1ರಷ್ಟು ಸೆಸ್ ಕೂಡುವುದೇ ಇವರ ಬೆವರಿನ ಮೇಲೆ.

ಇದನ್ನು ಓದುತ್ತಿರುವ ನೀವು ಮನೆ ಕಟ್ಟಿಸುವವರಾದರೆ ನನ್ನದೊಂದು ಕೇಳಿಕೆ. ಕರಾರು ಬರೆಯುವಾಗ ಚದರದ ದರದ ಕೆಳಗೆ ಸಾರವೆ, ಹಲಗೆ ಊರೆ, ಐಎಸ್‌ಐ ಗುರುತಿನ ಹೆಲ್ಮೆಟ್, ಬೆಲ್ಟುಗಳಿಗೆ ಬೇರೆ ಮೊತ್ತ ಬರೆಯಿರಿ. ಅದರಲ್ಲಿ ಚೌಕಾಸಿ ಮಾಡಬೇಡಿ. ಸರ್ಟಿಫಿಕೇಟು ಇರುವ ಕೆಲಸಗಾರನಿಗೆ ದಿನಕ್ಕೆ ಐವತ್ತು ರೂಪಾಯಿ ಹೆಚ್ಚು ಕೊಡುತ್ತೇನೆಂದು ಮೇಸ್ತ್ರಿಯ ಮುಂದೆ ಹೇಳಿ. ಲೇಬರ್ ಕಾರ್ಡು ಇಲ್ಲದವರಿಗೆ 90 ದಿನದ ಕೆಲಸದ ದೃಢೀಕರಣ ಮಾಡಿಸಿಕೊಳ್ಳಲು ನೆರವಾಗಿ. ಕಾರ್ಮಿಕ ಇಲಾಖೆಯ ಸಹಾಯವಾಣಿ 155214.