ಹದಿಹರೆಯದವರಲ್ಲಿ ಅತಿ ರಕ್ತಸ್ರಾವ: ಗುರುತಿಸುವಿಕೆ, ತಪಾಸಣೆ ಮತ್ತು ಪಂಚಾಯತಿಯ ನೆರವು

ಗಾಯವಾದಾಗ ರಕ್ತವು ಹೆಪ್ಪುಗಟ್ಟಿ ಸ್ರಾವ ನಿಲ್ಲುವುದು ದೇಹದ ಸಹಜ ಕ್ರಿಯೆ. ರಕ್ತದಲ್ಲಿರುವ ಪ್ಲೇಟ್‌ಲೆಟ್ ಕಣಗಳು ಹಾಗೂ ‘ಫ್ಯಾಕ್ಟರ್’ ಎಂಬ ಪ್ರೋಟೀನುಗಳು ಈ ಕಾರ್ಯವನ್ನು ನಿರ್ವಹಿಸುತ್ತವೆ. ಇವುಗಳಲ್ಲಿ ಯಾವುದೊಂದರ ಕೊರತೆ ಅಥವಾ ದೋಷವಿದ್ದರೂ ರಕ್ತ ಸುಲಭವಾಗಿ ನಿಲ್ಲುವುದಿಲ್ಲ. ಕುಸುಮರೋಗವೆಂದು ಕರೆಯಲಾಗುವ ಹಿಮೋಫಿಲಿಯಾ ಹೆಚ್ಚಾಗಿ ಗಂಡುಮಕ್ಕಳನ್ನು ಬಾಧಿಸುತ್ತದೆ. ವಾನ್ ವಿಲ್ಲೆಬ್ರಾಂಡ್ ಕಾಯಿಲೆಯು ಗಂಡು, ಹೆಣ್ಣು ಇಬ್ಬರಲ್ಲಿಯೂ ಕಂಡುಬರುತ್ತದೆ. ರಕ್ತಸಂಬಂಧದೊಳಗಿನ ವಿವಾಹಗಳಿಂದ ಜನಿಸಿದ ಮಕ್ಕಳಲ್ಲಿ ಇದರ ತೀವ್ರ ಸ್ವರೂಪದ ಸಾಧ್ಯತೆ ಅಧಿಕ.

ಗಮನಿಸಬೇಕಾದ ಲಕ್ಷಣಗಳು

• ಮುಟ್ಟಿನ ಸ್ರಾವ 7 ದಿನಗಳಿಗೂ ಮೀರಿ ಮುಂದುವರಿಯುವುದು. ಒಂದೆರಡು ಗಂಟೆಗೊಮ್ಮೆ ಪ್ಯಾಡ್ ಬದಲಿಸಬೇಕಾಗುವುದು.
• ಮೂಗಿನ ರಕ್ತ 10 ನಿಮಿಷ ಒತ್ತಿಹಿಡಿದರೂ ನಿಲ್ಲದಿರುವುದು.
• ಪೆಟ್ಟಿಲ್ಲದೆ ಮೈಮೇಲೆ ನೀಲಿಗಟ್ಟಿದ ಕಲೆಗಳು ಮೂಡುವುದು. ಮೊಣಕಾಲು, ಮೊಣಕೈ ಪದೇ ಪದೇ ಊದಿಕೊಳ್ಳುವುದು.
• ಹಲ್ಲು ಕೀಳಿಸಿದಾಗ ಅಥವಾ ಸಣ್ಣ ಗಾಯವಾದಾಗ ದೀರ್ಘಕಾಲ ರಕ್ತ ಸೋರುವುದು.

ಹೆಣ್ಣುಮಕ್ಕಳ ಅತಿಸ್ರಾವವನ್ನು ‘ಉಷ್ಣ’ವೆಂದು ಭಾವಿಸಿ ಮನೆಯಲ್ಲಿಯೇ ಸಹಿಸಿಕೊಳ್ಳುವ ರೂಢಿ ಇದೆ. ತಾಯಿಗೂ ಅದೇ ತೊಂದರೆ ಇದ್ದಲ್ಲಿ ಅದು ಸಹಜವೆಂದೇ ತೋರುತ್ತದೆ. ಪರಿಣಾಮವಾಗಿ ಬಾಲಕಿಯು ತೀವ್ರ ರಕ್ತಹೀನತೆಗೆ ಒಳಗಾಗಿ ಶಾಲೆಯನ್ನೇ ತೊರೆಯುವ ಸಂಭವವಿದೆ. ಕಬ್ಬಿಣಾಂಶದ ಮಾತ್ರೆಯು ರಕ್ತಹೀನತೆಗೆ ಅಗತ್ಯ; ಆದರೆ ಅದರಿಂದ ಮೂಲಕಾರಣ ನಿವಾರಣೆಯಾಗುವುದಿಲ್ಲ.

ತಪಾಸಣೆಯ ಕ್ರಮ

ವೈದ್ಯರು ಮೊದಲು ಕುಟುಂಬದ ಹಿನ್ನೆಲೆಯನ್ನು ವಿಚಾರಿಸುತ್ತಾರೆ. ಬಳಿಕ ರಕ್ತಕಣಗಳ ಎಣಿಕೆ ಹಾಗೂ ಹೆಪ್ಪುಗಟ್ಟುವ ಅವಧಿಯನ್ನು ಅಳೆಯುವ ಪಿ.ಟಿ., ಎ.ಪಿ.ಟಿ.ಟಿ. ಪರೀಕ್ಷೆಗಳನ್ನು ಮಾಡಿಸುತ್ತಾರೆ. ಈ ವರದಿಗಳು ಸರಿಯಾಗಿದ್ದರೂ ವಾನ್ ವಿಲ್ಲೆಬ್ರಾಂಡ್ ಕಾಯಿಲೆ ಇರಬಹುದಾದ್ದರಿಂದ, ಲಕ್ಷಣಗಳು ಮುಂದುವರಿದಲ್ಲಿ ತಜ್ಞರಲ್ಲಿ ವಿಶೇಷ ಪರೀಕ್ಷೆ ಅವಶ್ಯಕ. ಕೆಲವೊಮ್ಮೆ ಅದನ್ನು ಪುನಃ ಮಾಡಿಸಬೇಕಾಗುತ್ತದೆ. ಜ್ವರದೊಂದಿಗೆ ರಕ್ತಸ್ರಾವ ಅಥವಾ ಹೊಸ ಕಲೆಗಳು ಕಂಡುಬಂದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು.

ವಹಿಸಬೇಕಾದ ಎಚ್ಚರಿಕೆ

ಸಂದೇಹವಿರುವವರಿಗೆ ವೈದ್ಯರ ಸಲಹೆಯಿಲ್ಲದೆ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂತಹ ನೋವುನಿವಾರಕಗಳನ್ನು ನೀಡಬಾರದು. ಸ್ನಾಯುವಿಗೆ ಚುಚ್ಚುಮದ್ದು ಹಾಕಿಸುವ ಮುನ್ನ, ಹಲ್ಲು ಕೀಳಿಸುವ ಮುನ್ನ ವಿಷಯವನ್ನು ವೈದ್ಯರಿಗೆ ತಿಳಿಸಬೇಕು. ಮೂಗಿನಲ್ಲಿ ರಕ್ತ ಬಂದರೆ ಮಲಗಿಸದೆ, ಕುಳ್ಳಿರಿಸಿ ತಲೆಯನ್ನು ಮುಂದಕ್ಕೆ ಬಾಗಿಸಿ, ಮೂಗಿನ ಮೃದುಭಾಗವನ್ನು ಒತ್ತಿಹಿಡಿಯಬೇಕು. ತಲೆಗೆ ಪೆಟ್ಟಾದರೆ, ಗಾಯ ಕಾಣದಿದ್ದರೂ, ತಡಮಾಡದೆ 108ಕ್ಕೆ ಕರೆಮಾಡಬೇಕು.

ಸದಸ್ಯರ ಪಾತ್ರ

ಇಂತಹ ಮಕ್ಕಳ ಕುಟುಂಬವನ್ನು ಆಶಾ ಕಾರ್ಯಕರ್ತೆಯ ಮೂಲಕ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸಿಕೊಡಬೇಕು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡವು 18 ವರ್ಷದವರೆಗಿನ ಮಕ್ಕಳ ತಪಾಸಣೆ ನಡೆಸುವುದರಿಂದ, ತಂಡವು ಶಾಲೆಗೆ ಬಂದಾಗ ವಿಷಯವನ್ನು ಅದರ ಗಮನಕ್ಕೆ ತರಬಹುದು. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ರಲ್ಲಿ ಹಿಮೋಫಿಲಿಯಾ ಸೇರ್ಪಡೆಯಾಗಿದೆ. ಆದ್ದರಿಂದ ಅರ್ಹರಿಗೆ ಗುರುತಿನ ಚೀಟಿ ಮಾಡಿಸಲು ಪಂಚಾಯತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ನೆರವಾಗಬೇಕು. ಶಾಲೆಯಲ್ಲಿ ಶೌಚಾಲಯ, ನೀರು ಮತ್ತು ಪ್ಯಾಡ್ ವಿಲೇವಾರಿ ವ್ಯವಸ್ಥೆ ಇರುವುದನ್ನು ಸದಸ್ಯರು ಖಚಿತಪಡಿಸಿಕೊಳ್ಳತಕ್ಕದ್ದು.

ಮಗುವಿನ ಹೆಸರನ್ನಾಗಲಿ ಕಾಯಿಲೆಯನ್ನಾಗಲಿ ಗ್ರಾಮಸಭೆಯಲ್ಲಿ ಪ್ರಸ್ತಾಪಿಸಬಾರದು. ಮದುವೆಯ ಮಾತುಕತೆಗೆ ಅಡ್ಡಿಯಾದೀತೆಂಬ ಭಯದಿಂದಲೇ ಹಲವು ಪೋಷಕರು ತಪಾಸಣೆಗೆ ಹಿಂಜರಿಯುತ್ತಾರೆ. ಗೋಪ್ಯತೆಯ ಭರವಸೆ ದೊರೆತಲ್ಲಿ ಅವರು ಮುಂದೆ ಬರುತ್ತಾರೆ. ಸಕಾಲದಲ್ಲಿ ಪತ್ತೆಯಾಗಿ ಸೂಕ್ತ ಚಿಕಿತ್ಸೆ ಪಡೆದ ಮಕ್ಕಳು ವ್ಯಾಸಂಗ ಮುಂದುವರಿಸಿ, ಉದ್ಯೋಗ ಹಿಡಿದು, ಸಂಸಾರ ನಡೆಸಬಲ್ಲರು.