ಇಂಜಿನ್ನಿನ ಗದ್ದಲದಲ್ಲಿ ಹಾಡು ಹುಡುಕಿದವರು

ಕಾರಿಗೆ ಹೊಸ ಆಂಪ್ಲಿಫೈಯರ್ ಕೂಡಿಸಿಕೊಂಡವರ ದೂರುಗಳಲ್ಲಿ ಒಂದು ಎಲ್ಲ ಊರಿನಲ್ಲೂ ಒಂದೇ. ಇಂಜಿನ್ ಆಫ್ ಇದ್ದಾಗ ಹಾಡು ತಿಳಿಯಾಗಿ ಕೇಳುತ್ತದೆ. ಸ್ಟಾರ್ಟ್ ಮಾಡಿದೊಡನೆ ಹಾಡಿನ ಹಿಂದೆ ‘ಕುಂಯ್’ ಎಂಬ ಸಣ್ಣ ಸದ್ದೊಂದು ಸೇರಿಕೊಳ್ಳುತ್ತದೆ. ಆಕ್ಸಿಲರೇಟರ್ ಒತ್ತಿದಷ್ಟೂ ಅದರ ಶ್ರುತಿ ಏರುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಕೇಳಿ, ಇಲ್ಲವೇ ಕಾರಿನ ಹುಚ್ಚಿರುವ ನಾಲ್ಕು ಮಂದಿ ಕೂಡಿದಲ್ಲಿ ಕೇಳಿ, ಸಲಹೆಗಳಿಗೆ ಬರವಿಲ್ಲ. ಅರ್ಥಿಂಗ್ ನೋಡಿಸಿ, ಕೇಬಲ್ ಬದಲಿಸಿ, ಫಿಲ್ಟರ್ ಹಾಕಿಸಿ. ಇವು ಯಾವುವೂ ನಿನ್ನೆ ಮೊನ್ನೆಯವಲ್ಲ. ಕಾರಿನಲ್ಲಿ ಸಂಗೀತ ಕೇಳಬೇಕೆಂದು ಮನುಷ್ಯ ಮೊದಲು ಹಟ ಹಿಡಿದ ದಿನಗಳಲ್ಲೇ ಈ ಬುದ್ಧಿಮಾತುಗಳ ಬೇರು ಇದೆ.

ಕಾರ್ ರೇಡಿಯೊ ಕಂಡುಹಿಡಿದವರು ಯಾರೆಂದು ಕೇಳಿದರೆ ಸಾಮಾನ್ಯವಾಗಿ ಒಂದೆರಡು ಹೆಸರು ಹೇಳಿ ಮುಗಿಸುತ್ತಾರೆ. ಅದು ಪೂರ್ತಿ ನಿಜವಲ್ಲ. ಕಾರಿನೊಳಗೆ ರೇಡಿಯೊ ಇಡುವುದು ಕಷ್ಟದ ಮಾತೇ ಆಗಿರಲಿಲ್ಲ. 1920ರ ದಶಕದ ಆರಂಭದಲ್ಲೇ ಅಮೆರಿಕದ ಹವ್ಯಾಸಿಗಳು ಮನೆಯ ಸೆಟ್ಟನ್ನು ಎತ್ತಿ ಕಾರಿನಲ್ಲಿಟ್ಟು, ಬ್ಯಾಟರಿ ಜೋಡಿಸಿ ಕೇಳಿದ್ದರು. ಮರದ ನೆರಳಲ್ಲಿ ನಿಲ್ಲಿಸಿದ ಕಾರಿನಲ್ಲಿ ಅದು ಚೆನ್ನಾಗಿಯೇ ಹಾಡುತ್ತಿತ್ತು. ಇಂಜಿನ್ ಶುರುವಾದರೆ ಮಾತ್ರ ಹಾಡು ಮುಳುಗಿ ಬರೀ ಚಟಪಟ ಉಳಿಯುತ್ತಿತ್ತು. ಆದ್ದರಿಂದ ನಿಜವಾಗಿ ಕಂಡುಹಿಡಿಯಬೇಕಾಗಿದ್ದದ್ದು ರೇಡಿಯೊವನ್ನಲ್ಲ, ಆ ಚಟಪಟ ಎಲ್ಲೆಲ್ಲಿಂದ ಹುಟ್ಟುತ್ತದೆ ಎಂಬುದನ್ನು.

ಅದು ಯಾಕೆ ಹುಟ್ಟುತ್ತದೆ ಎಂಬುದು ಭೌತಶಾಸ್ತ್ರ ಬಲ್ಲವರಿಗೆ ಗೊತ್ತಿತ್ತು. ಹೈನ್ರಿಕ್ ಹರ್ಟ್ಸ್ 1880ರ ದಶಕದ ಕೊನೆಯಲ್ಲಿ ರೇಡಿಯೊ ಅಲೆಗಳನ್ನು ಮೊದಲು ಹುಟ್ಟಿಸಿದ್ದು ವಿದ್ಯುತ್ ಕಿಡಿಯಿಂದ. ನಮ್ಮ ಜಗದೀಶ ಚಂದ್ರ ಬೋಸರು 1890ರ ದಶಕದಲ್ಲಿ ಕಲ್ಕತ್ತೆಯಲ್ಲಿ ಗೋಡೆಯಾಚೆಗೆ ಅಲೆ ಕಳಿಸಿ ಗಂಟೆ ಬಾರಿಸಿದ್ದೂ ಕಿಡಿಯಿಂದಲೇ. ಪೆಟ್ರೋಲ್ ಇಂಜಿನ್ನಿನ ಒಳಗೆ ನಡೆಯುವುದೂ ಅದೇ ಕಿಡಿಯ ಆಟ. ನಾಲ್ಕು ಸಿಲಿಂಡರಿನ ಇಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗಿದರೆ ಸೆಕೆಂಡಿಗೆ 100 ಕಿಡಿ. ಒಂದೊಂದು ಕಿಡಿಯ ಹಿಂದೆಯೂ ಸಾವಿರಾರು ವೋಲ್ಟ್. ಪ್ಲಗ್ಗಿಗೆ ಹೋಗುವ ಉದ್ದನೆಯ ತಂತಿ ತಾನೇ ಆಂಟೆನಾ ಆಗಿ ಆ ಸದ್ದನ್ನು ಸುತ್ತ ಎರಚುತ್ತದೆ. ಕೆಲವೇ ಅಡಿ ದೂರದಲ್ಲಿರುವ ರೇಡಿಯೊಗೆ ಬೇಕಾದ ಸಂಕೇತವಾದರೋ ವೋಲ್ಟಿನ ಲಕ್ಷದ ಒಂದು ಭಾಗ, ಕೆಲವೊಮ್ಮೆ ಅದಕ್ಕೂ ಕಡಿಮೆ. ಬಾನೆಟ್ ಕೆಳಗೆ ಒಂದು ಪ್ರಸಾರ ಕೇಂದ್ರ ಇಟ್ಟುಕೊಂಡು ದೂರದ ಊರಿನ ಗಾಯನ ಕೇಳಬೇಕಿತ್ತು.

ಷಿಕಾಗೊದಲ್ಲಿ ಪಾಲ್ ಗ್ಯಾಲ್ವಿನ್ ಮತ್ತು ಅವರ ತಮ್ಮ ಜೋಸೆಫ್ 1928ರ ಸೆಪ್ಟೆಂಬರಿನಲ್ಲಿ ಒಂದು ಪುಟ್ಟ ಕಾರ್ಖಾನೆ ತೆರೆದರು. ಮುಳುಗಿಹೋದ ಬ್ಯಾಟರಿ ಕಂಪನಿಯೊಂದರ ಸಾಮಾನನ್ನು ಹರಾಜಿನಲ್ಲಿ 750 ಡಾಲರಿಗೆ ಕೊಂಡು, ಐದು ಜನ ಕೆಲಸಗಾರರನ್ನು ಇಟ್ಟುಕೊಂಡು ಶುರುವಾದ ಕೆಲಸ. ಬ್ಯಾಟರಿ ರೇಡಿಯೊಗಳನ್ನು ಮನೆಯ ಕರೆಂಟಿನಲ್ಲಿ ನಡೆಸಲು ಬೇಕಾದ ಎಲಿಮಿನೇಟರ್ ಅವರ ಮೊದಲ ಸರಕು. ಸ್ವಲ್ಪ ದಿನಕ್ಕೇ ನೇರವಾಗಿ ಕರೆಂಟಿಗೆ ಹಾಕುವ ರೇಡಿಯೊಗಳು ಬಂದವು, ಎಲಿಮಿನೇಟರ್ ಕೇಳುವವರಿಲ್ಲವಾಯಿತು. 1929ರ ಕೊನೆಯಲ್ಲಿ ಷೇರುಪೇಟೆಯೂ ಕುಸಿಯಿತು. ಹೊಸದೇನಾದರೂ ಮಾಡದಿದ್ದರೆ ಬಾಗಿಲು ಹಾಕಬೇಕು ಎಂಬ ಸ್ಥಿತಿ. ಒಂದೊಂದು ಕಾರಿಗೂ ಬೇರೆಬೇರೆಯಾಗಿ ರೇಡಿಯೊ ಕೂಡಿಸಿಕೊಡುವವರು ಅಲ್ಲಲ್ಲಿ ಇದ್ದರು, ಆದರೆ ಆ ಖರ್ಚು ಉಳ್ಳವರಿಗೆ ಮಾತ್ರ. ಯಾವ ಕಾರಿಗೂ ಹೊಂದುವ, ಮಧ್ಯಮ ವರ್ಗದ ಕೈಗೆಟುಕುವ ಒಂದು ಸೆಟ್ಟನ್ನು ಮಾಡಬೇಕೆಂದು ಗ್ಯಾಲ್ವಿನ್ ಪಣ ತೊಟ್ಟರು.

ಅವರ ಜೊತೆ ಇದ್ದವರಲ್ಲಿ ಇಬ್ಬರನ್ನು ಹೆಸರಿಸಲೇಬೇಕು. ಒಬ್ಬರು ವಿಲಿಯಂ ಲಿಯರ್, ರೇಡಿಯೊ ಕಾಯಿಲ್‌ಗಳನ್ನು ಸಣ್ಣದಾಗಿ ಸುತ್ತುವುದರಲ್ಲಿ ನಿಷ್ಣಾತ. ಮುಂದೆ ಲಿಯರ್‌ಜೆಟ್ ವಿಮಾನಕ್ಕೂ, ಕಾರಿನ ಎಂಟು ಟ್ರ್ಯಾಕಿನ ಟೇಪಿಗೂ ಹೆಸರಾದವರು ಇವರೇ. ಇನ್ನೊಬ್ಬರು ಎಲ್ಮರ್ ವೇವರಿಂಗ್, ಇಲಿನಾಯ್ ರಾಜ್ಯದ ಕ್ವಿನ್ಸಿ ಊರಿನ ಹುಡುಗ, ರೇಡಿಯೊ ಕೂಡಿಸುವ ಕೈಕೆಲಸದಲ್ಲೇ ಬೆಳೆದವರು. ಈ ಇಬ್ಬರೂ ಒಂದು ಸಂಜೆ ಗೆಳತಿಯರ ಜೊತೆ ಮಿಸಿಸಿಪ್ಪಿ ನದಿಯ ದಂಡೆಯಲ್ಲಿ ಕಾರು ನಿಲ್ಲಿಸಿಕೊಂಡಿದ್ದಾಗ, ಇಲ್ಲಿ ಸಂಗೀತವೂ ಇದ್ದಿದ್ದರೆ ಎಂದು ಅವರಲ್ಲೊಬ್ಬಳು ಅಂದಳಂತೆ, ಅಲ್ಲಿಂದ ಎಲ್ಲವೂ ಶುರುವಾಯಿತಂತೆ. ಸೊಗಸಾದ ಕತೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಆಮೇಲಿನ ಮೈಕೈ ಮಸಿಯ ಕೆಲಸ.

ಆ ಕೆಲಸದ ಕ್ರಮ ಹೀಗೆ. ಎಲ್ಲ ಸದ್ದೂ ಒಟ್ಟಿಗೆ ಬರುವಾಗ ಯಾವುದು ಯಾವುದರದ್ದೆಂದು ತಿಳಿಯುವುದಿಲ್ಲ. ಹಾಗಾಗಿ ಒಂದೊಂದನ್ನೇ ಬಾಯಿ ಮುಚ್ಚಿಸುತ್ತ ಹೋಗಬೇಕು. ಮೊದಲು ಪ್ಲಗ್ಗುಗಳು. ಪ್ಲಗ್ ತಂತಿಯ ಮಧ್ಯೆ ಸುಮಾರು ಹತ್ತು ಸಾವಿರ ಓಮ್‌ನ ಒಂದು ರೆಸಿಸ್ಟರ್ ಸಿಕ್ಕಿಸಿದರೆ, ಕಿಡಿ ಹಾರುವ ಕ್ಷಣದಲ್ಲಿ ನುಗ್ಗುವ ವಿದ್ಯುತ್ತಿನ ತೀವ್ರ ಕಂಪನ ಅಲ್ಲೇ ಅಡಗುತ್ತದೆ. ಪೆಟ್ರೋಲ್ ಹೊತ್ತಿಸಲು ಬೇಕಾದ ಕರೆಂಟ್ ತೀರ ಕಡಿಮೆ, ಆದ್ದರಿಂದ ಇಂಜಿನ್ನಿಗೆ ಅದರಿಂದ ತೊಂದರೆಯಿಲ್ಲ. ಇಂಜಿನ್ ಸೊರಗೀತು ಎಂಬ ಅಂಜಿಕೆ ಮಾಲೀಕರಿಗೆ ಇದ್ದೇ ಇತ್ತು, ಮೆಕ್ಯಾನಿಕ್ಕುಗಳಿಗೂ ಇತ್ತು.

ಚಟಪಟ ನಿಂತ ಮೇಲೆ ಅದರ ಹಿಂದೆ ಅವಿತಿದ್ದ ಇನ್ನೊಂದು ಸದ್ದು ಕೇಳತೊಡಗಿತು. ಇಂಜಿನ್ ವೇಗದ ಜೊತೆ ಏರಿಳಿಯುವ ರಾಗ, ಡೈನಮೋದ್ದು. ಅದರ ಕಾರ್ಬನ್ ಬ್ರಷ್ಷುಗಳು ಕಮ್ಯುಟೇಟರಿನ ಮೇಲೆ ಉಜ್ಜುವಾಗ ಏಳುವ ಸಣ್ಣ ಕಿಡಿಗಳು ವೈರಿಂಗ್ ಹಿಡಿದು ಒಳಗೆ ಬರುತ್ತಿದ್ದವು. ಅಲ್ಲೊಂದು ಕಂಡೆನ್ಸರ್ ಬಿತ್ತು. ಅದೂ ಅಡಗಿದ ಮೇಲೆ ಮೂರನೆಯದು. ಬಾನೆಟ್ಟಿನ ತಗಡು ಚಾಸಿಗೆ ಸರಿಯಾಗಿ ಅಂಟಿರದೆ, ಸದ್ದನ್ನು ಹಿಡಿದು ಮತ್ತೆ ಎರಚುತ್ತಿತ್ತು. ಅದನ್ನು ಹೆಣೆದ ತಾಮ್ರದ ಪಟ್ಟಿಯಿಂದ ಬಾಡಿಗೆ ಬಿಗಿದರು. ಕೊನೆಗೆ ತೀರ ವಿಚಿತ್ರವಾದದ್ದು ಸಿಕ್ಕಿತು. ಇಂಜಿನ್ ಬಂದ್ ಮಾಡಿ ಇಳಿಜಾರಿನಲ್ಲಿ ಬಿಟ್ಟರೂ ಒಣ ದಿನಗಳಲ್ಲಿ ಗೊರಗೊರ ನಿಲ್ಲುತ್ತಿರಲಿಲ್ಲ. ರಸ್ತೆಗೆ ಉಜ್ಜಿದ ಟೈರುಗಳಲ್ಲಿ ಸ್ಥಿರವಿದ್ಯುತ್ ಶೇಖರಗೊಂಡು, ಮುಂದಿನ ಚಕ್ರದ ಗ್ರೀಸ್ ತುಂಬಿದ ಬೇರಿಂಗ್ ದಾಟಿ ಹಾರುತ್ತಿತ್ತು. ಚಕ್ರದ ಕ್ಯಾಪಿನೊಳಗೆ ಅಚ್ಚಿಗೆ ತಾಗುವಂತೆ ಒಂದು ಪುಟ್ಟ ಸ್ಪ್ರಿಂಗ್ ಇಡುವುದು ಅದಕ್ಕೆ ಮದ್ದಾಯಿತು. ಇದೆಲ್ಲ ಒಬ್ಬರೇ, ಒಂದೇ ಕಡೆ ಕಂಡುಕೊಂಡದ್ದಲ್ಲ. ಆ ಕಾಲದ ಹಲವು ಕಂಪನಿಗಳ ಇಂಜಿನಿಯರುಗಳು, ಹವ್ಯಾಸಿಗಳು, ಗ್ಯಾರೇಜಿನವರು ತುಂಡು ತುಂಡಾಗಿ ಕಂಡದ್ದು ಒಟ್ಟುಗೂಡಿತು.

1930ರ ಜೂನಿನಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ರೇಡಿಯೊ ತಯಾರಕರ ಸಮ್ಮೇಳನ. ಅಷ್ಟರೊಳಗೆ ಒಂದು ಸೆಟ್ಟು ಸಿದ್ಧವಾಗಲೇಬೇಕೆಂದು ಗ್ಯಾಲ್ವಿನ್ ತಂಡ ಅವರ ಸ್ಟುಡ್‌ಬೇಕರ್ ಕಾರಿನಲ್ಲಿ ಅದನ್ನು ಕೂಡಿಸಿತು. ಸಾಲಕ್ಕಾಗಿ ಬ್ಯಾಂಕಿನವರೊಬ್ಬರ ಪ್ಯಾಕಾರ್ಡ್ ಕಾರಿಗೂ ಒಂದನ್ನು ಕೂಡಿಸಿದಾಗ ಅರ್ಧ ಗಂಟೆಯಲ್ಲೇ ಕಾರಿಗೆ ಬೆಂಕಿ ಹೊತ್ತಿತೆಂಬ ಮಾತೂ ಉಳಿದುಬಂದಿದೆ. ಗ್ಯಾಲ್ವಿನ್ ಎದೆಗುಂದಲಿಲ್ಲ. ಷಿಕಾಗೊದಿಂದ ಸುಮಾರು 1,300 ಕಿಲೋಮೀಟರ್ ಕಾರು ಓಡಿಸಿಕೊಂಡು ಹೋದರು. ಸಮ್ಮೇಳನದಲ್ಲಿ ಮಳಿಗೆ ಹಿಡಿಯಲು ದುಡ್ಡಿರಲಿಲ್ಲ. ಹೊರಗೆ ಕಾರು ನಿಲ್ಲಿಸಿ, ವಾಲ್ಯೂಮ್ ಏರಿಸಿ, ಹೋಗಿಬರುವವರನ್ನು ಕರೆದು ಕೇಳಿಸಿದರು. ಆರ್ಡರುಗಳು ಬಂದವು. 5ಟಿ71 ಎಂಬ ಆ ಮಾದರಿಗೆ ಕೂಡಿಸುವ ಖರ್ಚೂ ಸೇರಿ 110ರಿಂದ 130 ಡಾಲರ್. ಹೊಸ ಫೋರ್ಡ್ ಕಾರಿಗೆ ಐನೂರರ ಆಸುಪಾಸು ಬೆಲೆ ಇದ್ದ ಕಾಲದಲ್ಲಿ ಅದೂ ಸಣ್ಣ ಮೊತ್ತವಲ್ಲ, ಆದರೂ ಆಸೆಪಡಬಹುದಾದ ಮೊತ್ತ. ಅದಕ್ಕಿಟ್ಟ ಮೋಟೊರೊಲಾ ಎಂಬ ಹೆಸರೇ 1947ರಲ್ಲಿ ಇಡೀ ಕಂಪನಿಯ ಹೆಸರಾಯಿತು.

ಕೊಂಡ ಮೇಲೆ ಕೂಡಿಸುವ ಪಾಡು ಇನ್ನೊಂದು. ರೇಡಿಯೊದೊಳಗಿನ ವಾಲ್ವುಗಳಿಗೆ ಕಾರಿನ ಆರು ವೋಲ್ಟ್ ಸಾಲದು, ನೂರಕ್ಕೂ ಮೀರಿದ ವೋಲ್ಟ್ ಬೇಕು. ಅದಕ್ಕಾಗಿ ಕಾರಿನ ನೆಲದ ಹಲಗೆ ಕೊರೆದು ಕೆಳಗೆ ಪ್ರತ್ಯೇಕ ಒಣ ಬ್ಯಾಟರಿಗಳ ಪೆಟ್ಟಿಗೆ ತೂಗುಹಾಕುತ್ತಿದ್ದರು. ಕೆಲವೇ ವರ್ಷಗಳಲ್ಲಿ ವೈಬ್ರೇಟರ್ ಎಂಬ ಜುಂಯ್‌ಗುಡುವ ಸಾಧನ ಬಂತು. ಸೆಕೆಂಡಿಗೆ ನೂರು ಸಲಕ್ಕೂ ಹೆಚ್ಚು ತೆರೆದು ಮುಚ್ಚುವ ಸ್ವಿಚ್ ಅದು. ಕಾರಿನ ಬ್ಯಾಟರಿಯ ಕರೆಂಟನ್ನೇ ತುಂಡರಿಸಿ ಟ್ರಾನ್ಸ್‌ಫಾರ್ಮರಿಗೆ ಕೊಟ್ಟು ವೋಲ್ಟೇಜ್ ಏರಿಸುತ್ತಿತ್ತು. ಕಾರಿಗೆ ಬ್ಯಾಟರಿ ಪೆಟ್ಟಿಗೆಯ ಭಾರ ತಪ್ಪಿತು, ಜೊತೆಗೆ ಇನ್ನೊಂದು ಸದ್ದಿನ ಮೂಲವೂ ಬಂದಂತಾಯಿತು! ಆಂಟೆನಾವನ್ನು ಬಟ್ಟೆಯ ಚಾವಣಿಯ ಒಳಗೆ ಹರಡುತ್ತಿದ್ದರು. ಜನರಲ್ ಮೋಟಾರ್ಸ್ 1935ರ ಮಾದರಿಗಳಿಗೆ ಪೂರ್ತಿ ಉಕ್ಕಿನ ಚಾವಣಿ ತಂದಾಗ ಆ ಜಾಗ ಹೋಯಿತು, ಏಕೆಂದರೆ ಉಕ್ಕಿನ ಕೆಳಗೆ ಅಲೆ ಇಳಿಯುವುದಿಲ್ಲ. ಆಂಟೆನಾ ಫುಟ್‌ಬೋರ್ಡಿನ ಅಡಿಗೆ ಹೋಯಿತು, ಆಮೇಲೆ ಹೊರಗಿನ ಕಡ್ಡಿಯಾಯಿತು.

ಒಂದೊಂದು ಕಾರಿನ ವೈರಿಂಗೂ ಬೇರೆ, ಒಂದೊಂದರ ರೋಗವೂ ಬೇರೆ. ಈ ಅನುಭವವನ್ನು ಹರಡಿದ್ದು ಹ್ಯೂಗೊ ಗರ್ನ್ಸ್‌ಬ್ಯಾಕ್ ಅವರ ‘ರೇಡಿಯೊ-ಕ್ರಾಫ್ಟ್’ನಂಥ ಪತ್ರಿಕೆಗಳು, ಜಾನ್ ರೈಡರ್ ಅವರ ದಪ್ಪ ರಿಪೇರಿ ಕೈಪಿಡಿಗಳು. ಒಬ್ಬ ಗ್ಯಾರೇಜಿನವ ಕಂಡುಕೊಂಡ ಉಪಾಯ ಬೇರೆ ರಾಜ್ಯದವನ ಕೈಗೆ ತಲುಪಿದ್ದು ಹೀಗೆ. ಹಾಗೆ ಹಂಚಿಕೊಳ್ಳದೆ ಹೋಗಿದ್ದರೆ ಕಾರ್ ರೇಡಿಯೊ ಷಿಕಾಗೊದ ಒಂದು ಕುತೂಹಲವಾಗಿಯೇ ಉಳಿಯುತ್ತಿತ್ತು ಎಂದು ನಾನು ನಂಬಿದ್ದೇನೆ. ಎಷ್ಟೋ ಉಪಾಯಗಳು ಕಾಲಕ್ರಮೇಣ ಕಾರಿನ ಒಳಗೇ ಸೇರಿಹೋದವು. ಅಂದು ತಂತಿಯ ಮಧ್ಯೆ ಸಿಕ್ಕಿಸುತ್ತಿದ್ದ ರೆಸಿಸ್ಟರ್ ಇಂದು ಪ್ಲಗ್ಗಿನ ಹೊಟ್ಟೆಯಲ್ಲೇ ಇದೆ. ಪ್ಲಗ್ಗಿನ ನಂಬರಿನಲ್ಲಿ ಬರುವ ‘ಆರ್’ ಅಕ್ಷರ ಸಾಮಾನ್ಯವಾಗಿ ಅದರದ್ದೇ ಗುರುತು. ಸರ್ವಿಸ್‌ನಲ್ಲಿ ಆರ್ ಇಲ್ಲದ ಪ್ಲಗ್ ಬಿದ್ದರೆ ರೇಡಿಯೊದಲ್ಲಿ 1930ರ ಚಟಪಟವೇ ಮತ್ತೆ ಕೇಳಬಹುದು.

ಎಡ್ವಿನ್ ಆರ್ಮ್‌ಸ್ಟ್ರಾಂಗ್ 1933ರಲ್ಲಿ ಪೇಟೆಂಟ್ ಪಡೆದ ಎಫ್‌ಎಂ, ಬ್ಲಾಪಂಕ್ಟ್ 1952ರಲ್ಲಿ ಅದನ್ನು ಕಾರಿಗೆ ತಂದ ಬಗೆ, ಆಮೇಲಿನ ಟ್ರಾನ್ಸಿಸ್ಟರ್, ಕ್ಯಾಸೆಟ್, ಸಿಡಿ, ಇವೆಲ್ಲ ಬೇರೆಯೇ ಕತೆ. ನಮ್ಮ ‘ಕುಂಯ್’ ಸದ್ದಿಗೆ ಬೇಕಾದ ಕೊಂಡಿ ಆಲ್ಟರ್ನೇಟರ್. 1960ರ ವೇಲಿಯಂಟ್ ಕಾರಿನೊಂದಿಗೆ ಕ್ರೈಸ್ಲರ್ ಡೈನಮೋದ ಜಾಗಕ್ಕೆ ಅದನ್ನು ತಂದಿತು. ಆ ದಶಕದಲ್ಲಿ ಮೋಟೊರೊಲಾ ಕೂಡ ಆಲ್ಟರ್ನೇಟರ್ ತಯಾರಿಕೆಗೆ ಇಳಿಯಿತು, ಮುಂದೆ ನಿಂತವರು ಅದೇ ಎಲ್ಮರ್ ವೇವರಿಂಗ್. ಡೈನಮೋದ ಗದ್ದಲ ಹೋದರೂ ಅದರ ಜಾಗಕ್ಕೆ ಹೊಸ ರಾಗ ಬಂತು. ಆಲ್ಟರ್ನೇಟರಿನ ಮೂರು ಫೇಸಿನ ಕರೆಂಟನ್ನು ಡಯೋಡುಗಳು ಒಂದೇ ದಿಕ್ಕಿಗೆ ತಿರುಗಿಸುವಾಗ ಸಣ್ಣ ಅಲೆಯೊಂದು ಉಳಿಯುತ್ತದೆ. ಹನ್ನೆರಡು ಪೋಲಿನ ಆಲ್ಟರ್ನೇಟರಿನಲ್ಲಿ ಒಂದು ಸುತ್ತಿಗೆ 36 ಅಲೆ. ಇಂಜಿನ್ ಐಡಲ್‌ನಲ್ಲಿ 800 ಸುತ್ತು, ಪುಲಿಯಿಂದಾಗಿ ಆಲ್ಟರ್ನೇಟರ್ 2,000 ಸುತ್ತು ತಿರುಗುತ್ತಿದ್ದರೆ, ಸೆಕೆಂಡಿಗೆ 1,200 ಅಲೆ. ಮನುಷ್ಯನ ಕಿವಿ ಸುಲಭವಾಗಿ ಹಿಡಿಯುವ ಶ್ರುತಿಯೇ ಅದು.

ಕಾರಿನ ಸ್ಟೀರಿಯೊಗೆ ಒಂದು ಅರ್ಥ್, ಡಿಕ್ಕಿಯಲ್ಲಿರುವ ಆಂಪ್ಲಿಫೈಯರಿಗೆ ಇನ್ನೊಂದು ಅರ್ಥ್ ಇದ್ದು, ಎರಡರ ನಡುವೆ ವೋಲ್ಟೇಜಿನ ಕಿಂಚಿತ್ ವ್ಯತ್ಯಾಸವಿದ್ದರೂ ಆ ಅಲೆ ಸಂಗೀತದ ಕೇಬಲ್ಲಿನೊಳಗೆ ಹರಿಯುತ್ತದೆ. ಆದ್ದರಿಂದಲೇ ಅನುಭವಿಗಳು ಫಿಲ್ಟರ್ ಕೊಳ್ಳುವ ಮೊದಲು ಮೂಲ ಹುಡುಕಿ ಎನ್ನುತ್ತಾರೆ, ನಾನೂ ಅದನ್ನೇ ಒತ್ತಿ ಹೇಳುತ್ತೇನೆ. ಕಾರನ್ನು ನಿಲ್ಲಿಸಿ, ಇಂಜಿನ್ ಚಾಲೂ ಇಟ್ಟು, ಆಂಪ್ಲಿಫೈಯರಿಗೆ ಬರುವ ಸಂಗೀತದ ಕೇಬಲ್ ಬಿಚ್ಚಿ ಕೇಳಿ. ಸದ್ದು ನಿಂತರೆ ತೊಂದರೆ ಕೇಬಲ್ಲಿನದು, ಇಲ್ಲವೇ ಮುಂದಿನ ಸ್ಟೀರಿಯೊದ್ದು. ನಿಲ್ಲದಿದ್ದರೆ ಆಂಪ್ಲಿಫೈಯರಿನ ಕರೆಂಟು ಅಥವಾ ಅರ್ಥ್ ನೋಡಬೇಕು. ಅರ್ಥ್ ತಂತಿ ಗಿಡ್ಡವಾಗಿರಲಿ, ಬೋಲ್ಟ್ ಕೂರುವಲ್ಲಿ ಬಣ್ಣ ಕೆರೆದು ಬರಿಯ ಲೋಹ ಕಾಣಿಸಲಿ. ಬ್ಯಾಟರಿಯ ದಪ್ಪ ತಂತಿ ಕಾರಿನ ಒಂದು ಬದಿಯಿಂದ, ಸಂಗೀತದ ಕೇಬಲ್ ಇನ್ನೊಂದು ಬದಿಯಿಂದ ಬರಲಿ. ಬ್ಯಾಟರಿಯ ಹತ್ತಿರವೇ ಫ್ಯೂಸ್ ಇರಲಿ. ಅದು ಸದ್ದಿಗಲ್ಲ, ಬೆಂಕಿಗೆ. ಎಫ್‌ಎಂನಲ್ಲಿ ಮಾತ್ರ ಗೊರಗೊರ ಇದ್ದರೆ ಮೊಬೈಲ್ ಚಾರ್ಜರನ್ನೂ ಡ್ಯಾಶ್‌ಕ್ಯಾಮನ್ನೂ ಒಂದೊಂದಾಗಿ ಕಿತ್ತು ನೋಡಿ, ಎಷ್ಟೋ ಸಲ ಕಳ್ಳ ಅಲ್ಲಿರುತ್ತಾನೆ.

ಎಲೆಕ್ಟ್ರಿಕ್ ಕಾರಿನಲ್ಲಿ ಪ್ಲಗ್ಗೂ ಇಲ್ಲ, ಆಲ್ಟರ್ನೇಟರೂ ಇಲ್ಲ. ಸದ್ದು ಮಾತ್ರ ಹೊಸ ಮನೆ ಮಾಡಿಕೊಂಡಿದೆ. ಮೋಟರಿಗೆ ಕರೆಂಟ್ ಕೊಡುವ ಇನ್ವರ್ಟರ್ ಸೆಕೆಂಡಿಗೆ ಸಾವಿರಾರು ಸಲ ಆನ್ ಆಫ್ ಆಗುತ್ತದೆ. ಅದು ಹುಟ್ಟಿಸುವ ಅಲೆಗಳು ಹರಡುವುದು ಮೀಡಿಯಂ ವೇವ್ ಪಟ್ಟಿಯಲ್ಲೂ, ಅಂದರೆ ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ಇರುವ ಪಟ್ಟಿಯಲ್ಲೂ. ಕೆಲವು ತಯಾರಕರು ತಮ್ಮ ಎಲೆಕ್ಟ್ರಿಕ್ ಕಾರುಗಳಿಂದ ಆ ಪಟ್ಟಿಯನ್ನೇ ತೆಗೆದುಹಾಕಿದರು. ಫೋರ್ಡ್ 2023ರಲ್ಲಿ ತೆಗೆಯಲು ಹೊರಟು, ತುರ್ತು ಎಚ್ಚರಿಕೆಗಳು ಜನರಿಗೆ ತಲುಪುವುದು ಹೇಗೆ ಎಂಬ ಪ್ರಶ್ನೆ ಎದ್ದ ಮೇಲೆ ಅದೇ ವರ್ಷದ ಮೇ ತಿಂಗಳಲ್ಲಿ ಮನಸ್ಸು ಬದಲಿಸಿತು. ಪಟ್ಟಿಯನ್ನು ಉಳಿಸಿಕೊಂಡವರು ಇನ್ವರ್ಟರಿನ ಕೇಬಲ್ಲುಗಳಿಗೆ ಲೋಹದ ಹೊದಿಕೆ ಹಾಕಿ, ಫಿಲ್ಟರ್ ಕೂಡಿಸಿ, ಒಂದೊಂದು ಸದ್ದಿನ ಮೂಲವನ್ನೇ ಅಡಗಿಸುತ್ತಿದ್ದಾರೆ.